‘ಒಟ್ಟು ರೋಗಿಗಳು’ ಎಂಬ ಕೊನೆಯ ಸಾಲು

ಮೇಡಂ ನನ್ನ ಹಾಳೆಗಳನ್ನು ಒಂದೊಂದಾಗಿ ತಿರುವಿ ಹಾಕಿದರು. ಕೊನೆಯ ಹಾಳೆಯ ಕೊನೆಯ ಸಾಲಿಗೆ ಬಂದಾಗ ಪೆನ್ಸಿಲ್ ತೆಗೆದು ಅಲ್ಲಿದ್ದ ಸಂಖ್ಯೆಯ ಸುತ್ತ ಒಂದು ಸುತ್ತು ಹಾಕಿ, “ಇಷ್ಟು ಮಕ್ಕಳನ್ನು ನಾನು ನೋಡಿಯೇ ಇಲ್ಲವಲ್ಲ” ಎಂದರು.

ರಕ್ತದ ಕಾಯಿಲೆಗಳ ಸಂಶೋಧನಾ ವಿಭಾಗವೊಂದರಲ್ಲಿ ಅಂಕಿಅಂಶಗಳ ವಿಶ್ಲೇಷಣೆ ನನ್ನ ಕೆಲಸ. ಸೇರಿ ಎರಡು ವರ್ಷವೂ ಆಗಿರಲಿಲ್ಲ. ಅನುದಾನದ ಅರ್ಜಿಗೆಂದು ವಿಭಾಗದ ಹಿರಿಯ ವೈದ್ಯೆಯ ಪ್ರಕಟಣೆಗಳ ಪಟ್ಟಿ ಸಿದ್ಧಪಡಿಸುವ ಹೊಣೆ ನನಗೆ ಬಂದಿತ್ತು.

ಅವರದು ಎಪಿಡೆಮಿಯಾಲಜಿ, ಅಂದರೆ ಜನಸಮೂಹದಲ್ಲಿ ಯಾವ ಕಾಯಿಲೆ ಯಾರಿಗೆ, ಎಷ್ಟು, ಏಕೆ ಬರುತ್ತದೆ ಎಂಬುದರ ಅಧ್ಯಯನ. ಕನ್ನಡದಲ್ಲಿ ಇದನ್ನು ಸಾಂಕ್ರಾಮಿಕ ರೋಗಶಾಸ್ತ್ರ ಎನ್ನುವ ರೂಢಿ ಇದೆ. ಆ ಹೆಸರಿನ ಬಗ್ಗೆ ನನ್ನ ತಕರಾರು ಹಳೆಯದು, ಏಕೆಂದರೆ ಮೇಡಂ ಬಹುಪಾಲು ಕೆಲಸ ಮಾಡಿರುವುದು ಸಿಕಲ್ ಸೆಲ್ ಕಾಯಿಲೆಯ ಮೇಲೆ, ಅದು ಯಾರಿಂದ ಯಾರಿಗೂ ಅಂಟುವಂಥದ್ದಲ್ಲ. ಹಿಮೋಗ್ಲೋಬಿನ್‌ನ ಬೀಟಾ ಸರಪಳಿಯ ಆರನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲ ಇರಬೇಕಾದ ಕಡೆ ವ್ಯಾಲೀನ್ ಕುಳಿತಿರುತ್ತದೆ, ಅಷ್ಟೆ. ತಂದೆ ತಾಯಿ ಇಬ್ಬರಿಂದಲೂ ಆ ಬದಲಾವಣೆಯನ್ನು ಪಡೆದ ಮಗುವಿನ ಕೆಂಪು ರಕ್ತಕಣಗಳು ಆಮ್ಲಜನಕ ಬಿಟ್ಟುಕೊಟ್ಟಾಗ ಕುಡುಗೋಲಿನಂತೆ ಬಾಗುತ್ತವೆ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಯಾರಿಗೆ ನೋವು ಮತ್ತೆ ಮತ್ತೆ ಮರುಕಳಿಸುತ್ತದೆ, ಯಾರಿಗೆ ಚಿಕ್ಕಂದಿನಲ್ಲೇ ಪಾರ್ಶ್ವವಾಯು ಬಡಿಯುತ್ತದೆ, ಯಾರು ಎಷ್ಟು ಕಾಲ ಬದುಕುತ್ತಾರೆ ಎಂಬುದು ಒಂದಿಬ್ಬರನ್ನು ನೋಡಿದರೆ ತಿಳಿಯುವುದಿಲ್ಲ. ಅದೇ ಜನರನ್ನು ವರ್ಷಗಟ್ಟಲೆ ಕೈಬಿಡದೆ ಗಮನಿಸಬೇಕು.

ಪಟ್ಟಿ ಮಾಡುವಾಗ ಎದುರಾಗುವ ಮಾಮೂಲು ತೊಡಕುಗಳು ನನಗೆ ಗೊತ್ತಿದ್ದವು. ವೈದ್ಯಕೀಯ ಪ್ರಬಂಧಗಳ ಆನ್‌ಲೈನ್ ಸೂಚಿಯಾದ ಪಬ್‌ಮೆಡ್‌ನಲ್ಲಿ ಹೆಸರು ಹಾಕಿ ಹುಡುಕಿದರೆ ಅದೇ ಹೆಸರು, ಅದೇ ಇನಿಷಿಯಲ್ ಇರುವ ಬೇರೆಯವರ ಪ್ರಬಂಧಗಳೂ ಬಂದು ಸೇರುತ್ತವೆ. 2012ರಲ್ಲಿ ಶುರುವಾದ ಆರ್ಕಿಡ್ ಎಂಬ ಹದಿನಾರು ಅಂಕಿಗಳ ಗುರುತುಸಂಖ್ಯೆ ಈ ತಲೆನೋವಿಗೆ ಒಳ್ಳೆಯ ಮದ್ದು, ಆದರೆ ಅದಕ್ಕೂ ಹಿಂದಿನ ಪ್ರಬಂಧಗಳನ್ನು ಲೇಖಕರೇ ಕುಳಿತು ಸೇರಿಸಿರಬೇಕು. ಸಮ್ಮೇಳನದಲ್ಲಿ ಓದಿದ ಸಾರಾಂಶ, ಆಮೇಲೆ ಬಂದ ಪೂರ್ಣ ಪ್ರಬಂಧ, ಅದಕ್ಕೊಂದು ತಿದ್ದುಪಡಿ, ಸಂಪಾದಕರಿಗೆ ಬರೆದ ಪತ್ರ, ಇವೆಲ್ಲವನ್ನೂ ಬೇರ್ಪಡಿಸಿದ್ದೆ. ಎಚ್-ಇಂಡೆಕ್ಸ್ ಕೂಡ ಲೆಕ್ಕ ಹಾಕಿದ್ದೆ. ಭೌತವಿಜ್ಞಾನಿ ಹೋರ್ಹೆ ಹಿರ್ಷ್ 2005ರಲ್ಲಿ ಕೊಟ್ಟ ಅಳತೆ ಅದು: ಕನಿಷ್ಠ ಇಪ್ಪತ್ತು ಸಲ ಉಲ್ಲೇಖಗೊಂಡ ಪ್ರಬಂಧಗಳು ಇಪ್ಪತ್ತು ಇದ್ದರೆ ಸೂಚ್ಯಂಕವೂ ಇಪ್ಪತ್ತು.

ಇದಿಷ್ಟೇ ಆಗಿದ್ದರೆ ಸರಿಯಾಗಿತ್ತು. ಅರ್ಜಿಗೆ ತೂಕ ಬರಲಿ ಎಂದು ಪ್ರತಿ ಪ್ರಬಂಧದ ಎದುರು ಅದರಲ್ಲಿದ್ದ ರೋಗಿಗಳ ಸಂಖ್ಯೆ ಬರೆದು, ಎಲ್ಲವನ್ನೂ ಕೂಡಿಸಿ ಕೊನೆಯಲ್ಲಿ ‘ಒಟ್ಟು ರೋಗಿಗಳು’ ಎಂಬ ಸಾಲು ಸೇರಿಸಿದೆ. ಯಾರೂ ಕೇಳಿರಲಿಲ್ಲ.

ಮೇಡಂ ಎದ್ದು ಹೋಗಿ ಬೀರುವಿನಿಂದ ದಪ್ಪ ರಟ್ಟಿನ ರಿಜಿಸ್ಟರ್ ತಂದರು. ಕಂಪ್ಯೂಟರ್ ಬರುವುದಕ್ಕೆ ಮೊದಲಿನದು, ಅಂಚುಗಳು ಸವೆದಿದ್ದವು. ಒಂದು ಪುಟ ತೆರೆದು ಕ್ರಮಸಂಖ್ಯೆ 47ರ ಮೇಲೆ ಬೆರಳಿಟ್ಟರು. ಆರು ವರ್ಷದ ಹುಡುಗ, ಬಲಗೈ ಮತ್ತು ಬಲಗಾಲಿನ ಸ್ವಾಧೀನ ತಪ್ಪಿ ಬಂದವನು. “ಇವನು ನಿಮ್ಮ ಪಟ್ಟಿಯಲ್ಲಿ ಎಷ್ಟು ಕಡೆ ಇದ್ದಾನೆ, ಹುಡುಕಿ” ಎಂದರು.

ಹುಡುಕಿದೆ. ಪಾರ್ಶ್ವವಾಯುವಿನ ಬಗೆಗಿನ ಪ್ರಬಂಧದಲ್ಲಿದ್ದ. ರಕ್ತ ಹಾಕಿಸಿಕೊಂಡವರಲ್ಲಿ ಕಬ್ಬಿಣಾಂಶ ಶೇಖರವಾಗುವುದನ್ನು ಕುರಿತ ಪ್ರಬಂಧದಲ್ಲಿದ್ದ. ನೋವಿನ ಪ್ರಬಂಧದಲ್ಲೂ, ಬಹಳ ವರ್ಷಗಳ ನಂತರ ಬಂದ ಬದುಕುಳಿದವರ ಪ್ರಬಂಧದಲ್ಲೂ ಇದ್ದ. ನನ್ನ ಕೂಡಿಕೆಯಲ್ಲಿ ಆ ಒಬ್ಬ ಹುಡುಗ ನಾಲ್ಕು ಮಕ್ಕಳಾಗಿದ್ದ.

ಒಂದೇ ರಿಜಿಸ್ಟರ್‌ನಿಂದ ಹಲವು ಪ್ರಬಂಧ ಬರುವುದು ತಪ್ಪಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. 1948ರಲ್ಲಿ 5,209 ಜನರೊಂದಿಗೆ ಆರಂಭವಾದ ಫ್ರೇಮಿಂಗ್‌ಹ್ಯಾಮ್ ಹೃದಯ ಅಧ್ಯಯನದಿಂದ ಸಾವಿರಾರು ಪ್ರಬಂಧಗಳು ಹುಟ್ಟಿವೆ. ಜನರನ್ನು ದೀರ್ಘಕಾಲ ಗಮನಿಸುವ ಅಧ್ಯಯನ ಮತ್ತೆ ಮತ್ತೆ ಫಲ ಕೊಡಲೇಬೇಕು. ಸಿಕಲ್ ಸೆಲ್ ಕ್ಷೇತ್ರದಲ್ಲೇ ದೊಡ್ಡ ಉದಾಹರಣೆ ಅಮೆರಿಕದ ಕೋಆಪರೇಟಿವ್ ಸ್ಟಡಿ ಆಫ್ ಸಿಕಲ್ ಸೆಲ್ ಡಿಸೀಸ್. ಅದರ ನೋವಿನ ಪ್ರಬಂಧ 1991ರಲ್ಲಿ ಬಂತು, ರೋಗಿಗಳು 3,578. ಮರಣದ ಪ್ರಬಂಧ 1994ರಲ್ಲಿ, ರೋಗಿಗಳು 3,764. ಸಿಕಲ್ ಸೆಲ್ ಅನೀಮಿಯಾ ಇದ್ದ ಗಂಡಸರ ಮಧ್ಯಾಂಕ ಮರಣವಯಸ್ಸು (ಅರ್ಧದಷ್ಟು ಜನ ತೀರಿಕೊಳ್ಳುವ ವಯಸ್ಸು) 42, ಹೆಂಗಸರದು 48 ಎಂದು ತಿಳಿಸಿದ್ದು ಈ ಪ್ರಬಂಧವೇ. 1998ರಲ್ಲಿ ಪಾರ್ಶ್ವವಾಯುವಿನ ಪ್ರಬಂಧ, ರೋಗಿಗಳು 4,082. ಸಂಖ್ಯೆಗಳು ಬೇರೆಬೇರೆ ಇರುವುದರಿಂದ ಮೂರು ಗುಂಪುಗಳೆಂದು ಭಾಸವಾಗುತ್ತದೆ. ಕೂಡಿಸಿದರೆ 11,424. ಅಷ್ಟು ಜನ ಆ ಅಧ್ಯಯನದಲ್ಲಿ ಇರಲೇ ಇಲ್ಲ. ಪ್ರಶ್ನೆಗೆ ತಕ್ಕಂತೆ ಯಾರನ್ನು ಒಳಗೆ ಸೇರಿಸಿಕೊಂಡರು ಎಂಬುದಷ್ಟೇ ಬದಲಾಗಿದೆ.

ಆ ಪ್ರಬಂಧಗಳು ತಮ್ಮ ಮೂಲ ಯಾವುದೆಂದು ಹೆಸರು ಸಮೇತ ಹೇಳಿಕೊಂಡಿವೆ. ಹೇಳದೆ ಇದ್ದಾಗ ಏನಾಗುತ್ತದೆ ಎಂಬುದನ್ನು 1997ರಲ್ಲಿ ಮಾರ್ಟಿನ್ ಟ್ರಾಮೆರ್ ಮತ್ತು ಸಂಗಡಿಗರು ತೋರಿಸಿದರು. ವಾಂತಿ ತಡೆಯುವ ಆಂಡಾನ್ಸೆಟ್ರಾನ್ ಔಷಧದ ಪ್ರಯೋಗಗಳನ್ನು ಒಟ್ಟು ಹಾಕುವಾಗ, ಪೂರ್ಣ ವರದಿಗಳಲ್ಲಿ ಶೇ 17ರಷ್ಟು ಮತ್ತು ರೋಗಿಗಳ ಮಾಹಿತಿಯಲ್ಲಿ ಶೇ 28ರಷ್ಟು ಪುನರಾವರ್ತನೆ ಎಂದು ಅವರಿಗೆ ಗೊತ್ತಾಯಿತು. ಆ ನಕಲುಗಳನ್ನೂ ಸೇರಿಸಿ ಲೆಕ್ಕ ಹಾಕಿದರೆ ಔಷಧದ ಪರಿಣಾಮ ಶೇ 23ರಷ್ಟು ಹೆಚ್ಚಾಗಿ ಕಾಣುತ್ತಿತ್ತು. ವೈದ್ಯರು ಔಷಧ ಬರೆಯುವುದು ಇಂಥ ಲೆಕ್ಕಗಳನ್ನು ನಂಬಿಯೇ.

ಇದನ್ನು ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಹಿಂದಿನ ವರ್ಷ ನಾನೇ ಮಾಡಿಟ್ಟಿದ್ದ ಒಂದು ಮೆಟಾ ಅನಾಲಿಸಿಸ್ (ಹಲವು ಅಧ್ಯಯನಗಳ ಫಲಿತಾಂಶಗಳನ್ನು ಒಟ್ಟು ಹಾಕುವ ಲೆಕ್ಕ) ಪ್ರಕಟಣೆಗೆ ಹೋಗಲು ಸಿದ್ಧವಾಗಿತ್ತು. ಬೆಳಿಗ್ಗೆ ಬಂದವನೇ ಅದನ್ನು ತೆರೆದೆ. ಎರಡು ಪ್ರಬಂಧಗಳ ಮೊದಲ ಲೇಖಕರು ಬೇರೆ, ಪತ್ರಿಕೆ ಬೇರೆ, ವರ್ಷವೂ ಬೇರೆ. ಆದರೆ ನೈತಿಕ ಸಮಿತಿಯ ಅನುಮತಿ ಸಂಖ್ಯೆ ಒಂದೇ. ರೋಗಿಗಳನ್ನು ಸೇರಿಸಿಕೊಂಡ ಅವಧಿ ನೋಡಿದೆ, ಎರಡನೆಯದು ಮೊದಲನೆಯದನ್ನು ಪೂರ್ತಿ ಒಳಗೊಂಡಿತ್ತು. ಮೊದಲ ಕೋಷ್ಟಕದ ಹಿಮೋಗ್ಲೋಬಿನ್ ಸರಾಸರಿ ದಶಮಾಂಶದವರೆಗೂ ಹೊಂದುತ್ತಿತ್ತು. ಲೇಖಕರಿಗೆ ಪತ್ರ ಬರೆದೆ. ಹೌದು, ಅದೇ ರೋಗಿಗಳು, ಎರಡನೆಯದು ಮುಂದುವರಿದ ವರದಿ ಎಂದು ಉತ್ತರ ಬಂತು. ಚಿಕ್ಕದನ್ನು ತೆಗೆದುಹಾಕಿ ಇಡೀ ಲೆಕ್ಕವನ್ನು ಮತ್ತೆ ಮಾಡಿದೆ. ಫಲಿತಾಂಶದ ವಿಶ್ವಾಸಾಂತರ, ಅಂದರೆ ನಿಜವಾದ ಬೆಲೆ ಇರಬಹುದಾದ ವ್ಯಾಪ್ತಿ, ಅಗಲವಾಯಿತು. ನಾವು ಹೇಳಬಹುದಾದಷ್ಟು ಖಚಿತತೆ ನಿಜಕ್ಕೂ ಅಷ್ಟೇ ಇತ್ತು.

ಈಗ ಯಾರದೇ ಪ್ರಕಟಣೆಗಳ ಪಟ್ಟಿ ಕೈಗೆ ಬಂದರೂ ಮೊದಲು ನೋಡುವುದು ಶೀರ್ಷಿಕೆಯನ್ನಲ್ಲ, ವಿಧಾನಗಳ ಭಾಗದ ಮೊದಲ ಪ್ಯಾರಾವನ್ನು. ಎಲ್ಲಿಯ ರೋಗಿಗಳು, ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ, ಪ್ರಯೋಗದ ನೋಂದಣಿ ಸಂಖ್ಯೆ ಯಾವುದು. ಪ್ರಬಂಧಗಳ ಎದುರು ‘ಮೂಲ’ ಎಂಬ ಒಂದು ಕಾಲಂ ಹಾಕುತ್ತೇನೆ, ಒಂದೇ ಮೂಲದವನ್ನು ಒಟ್ಟಿಗೆ ಇಡುತ್ತೇನೆ. ಹಾಗೆ ಇಟ್ಟಾಗ ಸಂಶೋಧಕರ ದುಡಿಮೆ ಕಿರಿದಾಗಿ ಕಾಣುತ್ತದೆ ಎಂದು ಕೆಲವರು ಹೆದರುತ್ತಾರೆ. ನನಗೆ ಹಾಗೆನಿಸುವುದಿಲ್ಲ. ಮೇಡಂ ಪಟ್ಟಿಯನ್ನು ಹೀಗೆ ಮರುಜೋಡಿಸಿದಾಗ ಅವರು ಒಂದೇ ರಿಜಿಸ್ಟರ್‌ನ ಮಕ್ಕಳನ್ನು ಎಷ್ಟು ದೀರ್ಘಕಾಲ ಗಮನಿಸಿದ್ದರು ಎಂಬುದು ಮೊದಲ ಬಾರಿಗೆ ಕಣ್ಣಿಗೆ ಬಿತ್ತು. ಎಚ್-ಇಂಡೆಕ್ಸ್ ಅದನ್ನು ಹೇಳುವುದಿಲ್ಲ.

ಹೊಸ ಪಟ್ಟಿಯನ್ನು ತೋರಿಸಲು ಹೋದ ದಿನ ಅವರ ಮೇಜಿನ ಮೇಲೆ ಬದುಕುಳಿದವರ ಪ್ರಬಂಧ ತೆರೆದಿತ್ತು. ಕಾಲ ಕಳೆದಂತೆ ಎಷ್ಟು ಪಾಲು ಜನ ಬದುಕಿದ್ದಾರೆಂದು ತೋರಿಸುವ ಅದರಲ್ಲಿನ ಕಪ್ಲಾನ್-ಮೇಯರ್ ರೇಖೆ ಒಬ್ಬರು ತೀರಿಕೊಂಡಾಗಲೆಲ್ಲ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ. ಕೊನೆಯ ಸಲ ನೋಡಿದಾಗ ಬದುಕಿದ್ದವರಿಗೆ ರೇಖೆಯ ಮೇಲೆ ಒಂದು ಸಣ್ಣ ಗೀಟು ಇರುತ್ತದೆ. ಮೇಡಂ ಬಲತುದಿಯ ಹತ್ತಿರದ ಒಂದು ಗೀಟಿಗೆ ಪೆನ್ಸಿಲ್ ತಾಗಿಸಿ, “ಇವನೇ 47” ಎಂದರು.