ಥ್ರೋಟ್‌ನಿಂದ ಕ್ಲೂವರೆಗಿನ ಆ ಒಂದು ಸುಕ್ಕು

ಹೋಯಿತು! ನನ್ನ ಪುಟ್ಟ ದೋಣಿಯ ಹಾಯಿಯಲ್ಲಿ ಬೀಳುತ್ತಾ ಮೂರು ವಾರದಿಂದ ನಿದ್ದೆ ಕೆಡಿಸಿದ್ದ ಆ ಸುಕ್ಕು ನಿನ್ನೆ ಸಂಜೆ ಕಾಸರಗೋಡಿನ ಚಂದ್ರಗಿರಿ ಹೊಳೆಯ ನಡುವೆ ಹೋಯಿತು. ನಲವತ್ತು ನಿಮಿಷ ಪಡುಗಾಳಿಯನ್ನು ತುಂಬಿಕೊಂಡು ನಿಂತ ಹಾಯಿ ಒಮ್ಮೆಯೂ ಜೋಲು ಬೀಳಲಿಲ್ಲ. ದಡಕ್ಕೆ ಬಂದ ಕೂಡಲೇ ಬರೆಯಬೇಕೆಂದಿದ್ದೆ, ಸಂಭ್ರಮದಲ್ಲಿ ಆಗಲಿಲ್ಲ. ಅರುವತ್ತನಾಲ್ಕರಲ್ಲಿ ಹೀಗೊಂದು ಖುಷಿ ಸಿಗುತ್ತದೆಂದು ಯಾರಾದರೂ ಹೇಳಿದ್ದರೆ ಈ ದೋಣಿಯ ಕೆಲಸ ಐದು ವರ್ಷ ಮೊದಲೇ ಶುರುಮಾಡುತ್ತಿದ್ದೆ.

ದೋಣಿ ಹತ್ತಡಿಯದ್ದು. ಬಣ್ಣ, ಡ್ಯಾಗರ್‌ಬೋರ್ಡ್ (ದೋಣಿ ಪಕ್ಕಕ್ಕೆ ಜಾರದಂತೆ ನೀರಿಗಿಳಿಸುವ ಹಲಗೆ), ಚುಕ್ಕಾಣಿಯ ಕೀಲು ಎಲ್ಲ ಮುಗಿದಿದೆ, ಅದರಲ್ಲಿ ಹೇಳುವಂಥದ್ದೇನಿಲ್ಲ. ಸ್ಪ್ರಿಟ್‌ಗೆ, ಅಂದರೆ ಹಾಯಿಯ ಮೇಲಿನ ಹೊರಮೂಲೆಯನ್ನು ಎತ್ತಿ ಹಿಡಿಯುವ ಓರೆ ಗಳುವಿಗೆ ಮಾತ್ರ ನಮ್ಮ ತೋಟದ ಹಳೆಯ ಬಿದಿರಿನ ದೋಟಿಯನ್ನೇ ಕತ್ತರಿಸಿಕೊಂಡೆ. ಅಡಿಕೆ ಕೊಯ್ಯಲು ಈಗ ಕಾರ್ಬನ್ ಫೈಬರ್ ದೋಟಿ ಬಂದಿದೆಯಲ್ಲ, ಹಳೆಯದು ಅಟ್ಟದಲ್ಲಿತ್ತು. ಹಗುರ, ಬಾಗುವುದಿಲ್ಲ. ಇದಕ್ಕಿಂತ ಒಳ್ಳೆಯ ಸ್ಪ್ರಿಟ್ ದುಡ್ಡು ಕೊಟ್ಟರೂ ಸಿಕ್ಕುತ್ತಿರಲಿಲ್ಲ.

ಸ್ಪ್ರಿಟ್ ಹಾಯಿಗೆ ನಾಲ್ಕು ಮೂಲೆ: ಕೂವೆಕಂಬದ (ಹಾಯಿ ಕಟ್ಟುವ ಕಂಬ) ಬದಿಗೆ ಮೇಲೆ ಥ್ರೋಟ್, ಕೆಳಗೆ ಟ್ಯಾಕ್; ಹೊರಬದಿಗೆ ಮೇಲೆ ಪೀಕ್, ಕೆಳಗೆ ಕ್ಲೂ. ಸ್ಪ್ರಿಟ್‌ನ ಬುಡವನ್ನು ಕಂಬಕ್ಕೆ ಹಿಡಿಯುವ ಹಗ್ಗ ಸ್ನಾಟರ್. ಪೀಕ್‌ನಿಂದ ಟ್ಯಾಕ್‌ಗೆ ಗೆರೆ ಬಿದ್ದರೆ ಸ್ನಾಟರ್ ಅತಿ ಬಿಗಿಯಾಗಿದೆ, ಥ್ರೋಟ್‌ನಿಂದ ಕ್ಲೂವಿಗೆ ಬಿದ್ದರೆ ಸಡಿಲವಾಗಿದೆ. ನನ್ನದು ಎರಡನೆಯದು. ಬಿಗಿ ಮಾಡಿದರಾಯಿತಲ್ಲ? ಮಾಡಿದೆ. ದಡದಲ್ಲಿ ನೋಡಿದರೆ ಹಾಯಿ ಇಸ್ತ್ರಿ ಹಾಕಿದ ಹಾಗೆ. ಹೊಳೆಗಿಳಿದು ಹತ್ತು ನಿಮಿಷ ಕಳೆಯುವಷ್ಟರಲ್ಲಿ ಪೀಕ್ ತಲೆ ತಗ್ಗಿಸಿತು, ಮೂಲೆಯಿಂದ ಮೂಲೆಗೆ ತೋಳು ದಪ್ಪದ ಸುಕ್ಕು ಬಂತು. ಅಂಥ ಹಾಯಿ ಇಟ್ಟುಕೊಂಡು ಗಾಳಿಗೆದುರು ಓರೆಯಾಗಿ ಏರುವುದು ಆಗದ ಮಾತು. ದೋಣಿ ಮುಂದೆ ಹೋಗುವ ಬದಲು ಪಕ್ಕಕ್ಕೆ ಜಾರಿ ಚೆಮ್ನಾಡು ಕಡೆಯ ತೆಂಗಿನ ಬುಡದಲ್ಲಿ ನಿಂತಿತು. ದಡದಲ್ಲಿ ಬಲೆ ಸರಿಮಾಡುತ್ತಿದ್ದ ಹಿರಿಯರೊಬ್ಬರು ಮಲಯಾಳದಲ್ಲಿ, 'ಪಾಯ ಸರಿಯಿಲ್ಲ' ಎಂದರು. ಮಲಯಾಳದಲ್ಲಿ ಪಾಯ ಎಂದರೆ ಚಾಪೆಯೂ ಹೌದು, ಹಾಯಿಯೂ ಹೌದು. ಆ ಹೊತ್ತಿಗೆ ನನ್ನದು ನಿಜಕ್ಕೂ ಚಾಪೆಯ ಹಾಗೆಯೇ ತೂಗುತ್ತಿತ್ತು.

ಮೊದಲು ಅನುಮಾನ ಬಂದದ್ದು ಹೊಲಿಗೆಯ ಮೇಲೆ. ಟರ್ಪಾಲು ಹೊಲಿಯುವವರಿಂದ ಹಾಯಿ ಹೊಲಿಸಿದ್ದೆ. ಕಂಬಕ್ಕೆ ತಾಗುವ ಲಫ್ ಬದಿಗೆ ಕೊಡಬೇಕಾದ ಬಾಗನ್ನು ಅವರು ಕೊಟ್ಟಿಲ್ಲವೆಂದು ಅಂಗಡಿಗೇ ಹೋಗಿ ಖಾರವಾಗಿ ಮಾತಾಡಿದೆ. ಅವರು ಸುಮ್ಮನೆ ಟೇಪು ತಂದು ನಾನೇ ಬರೆದುಕೊಟ್ಟ ಚೀಟಿಯನ್ನು ಪಕ್ಕದಲ್ಲಿಟ್ಟು ಅಳೆದು ತೋರಿಸಿದರು. ಒಂದು ನೂಲಿನಷ್ಟೂ ವ್ಯತ್ಯಾಸವಿರಲಿಲ್ಲ. ನಿನ್ನೆ ರಾತ್ರಿಯೇ ಫೋನ್ ಮಾಡಿ ತಪ್ಪೊಪ್ಪಿಕೊಂಡೆ.

ಎರಡನೆಯ ಅನುಮಾನ ಹಗ್ಗದ್ದು. ಇಲ್ಲಿ ನನ್ನ ಸಿಟ್ಟಿಗೆ ಕಾರಣವಿದೆ. ಆರು ಮಿಲಿಮೀಟರ್ ಪಾಲಿಯೆಸ್ಟರ್ ಎಂದು ಸ್ಪಷ್ಟವಾಗಿ ಬರೆದು ತರಿಸಿದ್ದು. ಮೂರು ಮೀಟರ್ ತುಂಡನ್ನು ಮಾವಿನ ಕೊಂಬೆಗೆ ಕಟ್ಟಿ, ಇಪ್ಪತ್ತು ಲೀಟರ್ ನೀರಿನ ಕ್ಯಾನ್ ತೂಗುಹಾಕಿ ನೋಡಿದರೆ ನಾಲ್ಕು ಬೆರಳು ಉದ್ದವಾಯಿತು. ಪಾಲಿಯೆಸ್ಟರ್ ಹಾಗೆ ಹಿಗ್ಗುವುದಿಲ್ಲ, ಅದು ನೈಲಾನ್. ಕೇಳಿದರೆ, 'ಎರಡೂ ಒಂದೇ ಸಾರ್, ಬಿಳಿ ಹಗ್ಗ' ಎಂಬ ಉತ್ತರ. ಒಂದೇ ಅಲ್ಲ! ಲಂಗರಿಗೆ ನೈಲಾನ್ ಬೇಕು, ಅಲ್ಲಿ ಹಿಗ್ಗುವುದೇ ಗುಣ. ಹಾಯಿ ಏರಿಸುವ ಹ್ಯಾಲ್ಯಾರ್ಡ್‌ಗೆ, ಸ್ನಾಟರ್‌ಗೆ ಅದೇ ಶತ್ರು. ಕಾಯರ್ ಎಂಬ ಇಂಗ್ಲಿಷ್ ಪದವೇ ಮಲಯಾಳದ ಕಯರಿನಿಂದ ಹೋದದ್ದು. ಜಗತ್ತಿಗೆ ಹಗ್ಗದ ಹೆಸರು ಕೊಟ್ಟ ಕರಾವಳಿಯಲ್ಲಿ ಕೂತು ಸರಿಯಾದ ಹಗ್ಗಕ್ಕಾಗಿ ರೈಲು ಹತ್ತಿ ಮಂಗಳೂರಿನ ಬಂದರಿಗೆ ಹೋಗಬೇಕಾಯಿತಲ್ಲ ಎಂಬ ಬೇಸರ ಇನ್ನೂ ಹೋಗಿಲ್ಲ.

ಪಾಲಿಯೆಸ್ಟರ್ ಬಂತು. ಸುಕ್ಕು ಹತ್ತರ ಬದಲು ಇಪ್ಪತ್ತು ನಿಮಿಷಕ್ಕೆ ಬಂತು, ಅಷ್ಟೇ.

ಹಾಗಾದರೆ ಜಾರುತ್ತಿರುವುದು ಕೂವೆಕಂಬದ ಮೇಲಿನ ಗಂಟು. ಸ್ಪ್ರಿಟ್ ಪೀಕನ್ನು ಮೇಲಕ್ಕೆ ನೂಕಿದಷ್ಟೂ ಅದರ ಬುಡ ಕಂಬದುದ್ದಕ್ಕೆ ಕೆಳಗೆ ಜಾರಲು ನೋಡುತ್ತದೆ. ಅದನ್ನು ಹಿಡಿದಿರುವುದು ಸ್ನಾಟರ್ ಒಂದೇ. ನಾನು ಹಾಕಿದ್ದು ರೋಲಿಂಗ್ ಹಿಚ್, ಕಂಬದುದ್ದಕ್ಕೆ ಎಳೆದರೂ ಜಾರಬಾರದ ಗಂಟು. ಜಗಲಿಯ ಕಂಬಕ್ಕೆ ನೂರು ಸಲ ಹಾಕಿ ಕಲಿತ ಗಂಟು, ಕಣ್ಣು ಮುಚ್ಚಿಯೂ ಬರುತ್ತದೆ. ಮೂವತ್ತು ವರ್ಷ ಗಣಿತ ಪಾಠ ಮಾಡಿದವನಿಗೆ ಆಯ್ಲರ್‌ನ ಸೂತ್ರವೂ ಗೊತ್ತು: ಕಂಬಕ್ಕೆ ಸುತ್ತಿದ ಹಗ್ಗದ ಹಿಡಿತ ಸುತ್ತು ಹೆಚ್ಚಿದಂತೆ ಕೂಡುತ್ತಾ ಹೋಗುವುದಲ್ಲ, ಗುಣಿಸುತ್ತಾ ಹೋಗುತ್ತದೆ. ಘರ್ಷಣಾಂಕ 0.25 ಎಂದಿಟ್ಟುಕೊಂಡರೆ ಒಂದು ಸುತ್ತಿಗೆ ಸುಮಾರು 5 ಪಟ್ಟು, ಎರಡಕ್ಕೆ 23 ಪಟ್ಟು. ಮತ್ತೆ ಯಾಕೆ ಜಾರುತ್ತದೆ? ಒಂದು ಸುತ್ತು ಹೆಚ್ಚು ಹಾಕಿದೆ. ಜಾರಿತು. ಇನ್ನೊಂದು ಹಾಕಿದೆ. ಆಗಲೂ ಜಾರಿತು.

ಉತ್ತರ ಬಂದದ್ದು ಅಡಿಕೆ ಮರದಿಂದ. ಶುಕ್ರವಾರ ನಮ್ಮಲ್ಲಿ ಕೊಯ್ಲು. ಮರ ಹತ್ತುವವರು ಊಟ ಮುಗಿಸಿ, ಅಂಗಳದಲ್ಲಿ ಅಡಿಕೆಯ ಬದಿಗೆ ನಿಲ್ಲಿಸಿದ್ದ ನನ್ನ ಕಂಬದ ಹತ್ತಿರ ಬಂದರು. ಗಂಟನ್ನು ಎರಡು ಬೆರಳಲ್ಲಿ ಹಿಡಿದು ಕೆಳಗೆ ಒತ್ತಿದರು. ಸರ್ರನೆ ಒಂದು ಗೇಣು ಇಳಿಯಿತು. 'ಮಾಷ್ಟ್ರೇ, ಭಾರ ಬೀಳುವುದು ಕೆಳಗೆ. ನೀವು ಬಳ್ಳಿ ಸುತ್ತಿದ್ದು ಮೇಲೆ. ಹಿಡಿಯುವುದು ಹೇಗೆ? ನಾವು ಕಾಲಿಗೆ ಹಾಕುವ ತಳೆ ನೋಡಿ, ತುಳಿದಷ್ಟೂ ಕಚ್ಚುತ್ತದೆ. ಮತ್ತೆ ಈ ವಾರ್ನಿಶ್ ಯಾಕೆ? ಮಳೆಗಾಲದ ಪಾಚಿಯ ಮರದ ಹಾಗೆ ಉಂಟು.'

ಅಷ್ಟೇ! ಗಂಟು ಸರಿಯಿತ್ತು, ದಿಕ್ಕು ತಪ್ಪಿತ್ತು. ರೋಲಿಂಗ್ ಹಿಚ್‌ನಲ್ಲಿ ಅಡ್ಡ ಹಾಯುವ ಆ ಎರಡು ಸುತ್ತು ಎಳೆತ ಬರುವ ಬದಿಗೇ ಇರಬೇಕು, ಕೊನೆಯ ಕುಣಿಕೆ ಆಚೆ ಬದಿಗೆ. ಜಗಲಿಯಲ್ಲಿ ಕೂತು ಹಗ್ಗವನ್ನು ಮೇಲಕ್ಕೆ ಎಳೆಯುತ್ತಾ ಕಲಿತದ್ದನ್ನು, ಕೆಳಗೆ ಎಳೆಯುವ ಕಂಬಕ್ಕೆ ಹಾಗೇ ಹಾಕಿದ್ದೆ. ತಲೆಕೆಳಗು ಮಾಡಿ ಕಟ್ಟಿದೆ. ಗಂಟು ಕೂರುವಲ್ಲಿ ವಾರ್ನಿಶ್ ಉಜ್ಜಿ ತೆಗೆದು, ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದೆ. ಅವರೇ ಎರಡು ಕೈಯಲ್ಲಿ ಜೋತುಬಿದ್ದು ನೋಡಿದರು. ಕೂದಲೆಳೆಯಷ್ಟೂ ಅಲುಗಲಿಲ್ಲ.

ನಿನ್ನೆ ನನ್ನವಳೂ ದೋಣಿಗೆ ಬಂದಿದ್ದಳು, ಇಬ್ಬರಿಗೂ ಲೈಫ್ ಜಾಕೆಟ್. ಬೀಸು ಬಂದಾಗ 'ಶೀಟು ಬಿಡು' ಎಂದರೆ ತಟ್ಟನೆ ಹಾಯಿಯನ್ನು ಹಿಡಿದ ಹಗ್ಗ ಸಡಿಲ ಬಿಟ್ಟಳು. ನಮ್ಮೂರಲ್ಲಿ ಶೀಟು ಎಂದರೆ ಮಾಡಿನದ್ದು, ಅದನ್ನು ಹಗ್ಗವೆಂದು ಒಪ್ಪಿಕೊಳ್ಳಲು ಇಬ್ಬರಿಗೂ ಎರಡು ತಿಂಗಳು ಹಿಡಿದಿತ್ತು. ಐದು ಸಲ ಟ್ಯಾಕ್ ಮಾಡಿ (ದೋಣಿಯ ಮೂತಿಯನ್ನು ಗಾಳಿಯ ಆಚೆ ಬದಿಗೆ ತಿರುಗಿಸಿ), ಗಾಳಿಗೆದುರು ಏರುತ್ತಾ ಏರುತ್ತಾ ಅಳಿವೆಯ ಕಡೆಗೆ ಹೋದೆವು. ತಿರುಗಿ ನೋಡಿದರೆ ಚಂದ್ರಗಿರಿ ಕೋಟೆಯ ಕಲ್ಲಿನ ಮೇಲೆ ಬಿಸಿಲು ಕೆಂಪಾಗಿತ್ತು.

ಈಗ ಮನಸ್ಸೆಲ್ಲ ಆಪ್ಟಿಮಿಸ್ಟ್ ಮೇಲೆ. ಕ್ಲಾರ್ಕ್ ಮಿಲ್ಸ್ 1947ರಲ್ಲಿ ಫ್ಲಾರಿಡಾದಲ್ಲಿ ಮಕ್ಕಳಿಗಾಗಿ ಮಾಡಿದ ದೋಣಿ, ಪ್ಲೈವುಡ್ಡಿನಲ್ಲಿ ಮನೆಯಲ್ಲೇ ಕಟ್ಟಬಹುದಾದದ್ದು. ಸುಮಾರು 2.3 ಮೀಟರ್ ಉದ್ದ, ಅದೂ ಸ್ಪ್ರಿಟ್ ಹಾಯಿಯದ್ದೇ. ಮೊಮ್ಮಗಳಿಗೆ ಬರುವ ಬೇಸಿಗೆ ರಜೆಗೆ ಒಂಬತ್ತು ತುಂಬುತ್ತದೆ. ಮರೈನ್ ಪ್ಲೈ ದರ ವಿಚಾರಿಸಲು ಸೋಮವಾರ ಹೋಗುತ್ತೇನೆ. ಅಟ್ಟದಲ್ಲಿ ಇನ್ನೊಂದು ದೋಟಿ ಇದೆ.