ಹನ್ನೊಂದು ಹಾಳೆ ಪೇಪರು, ಒಂದು ಜಮಖಾನ

ಅಮ್ಮ ಬೀಳಲಿಲ್ಲ. ಗೋಡೆ ಹಿಡಿದುಕೊಂಡಳು. ಆದರೆ ಆ ರಾತ್ರಿ ಎರಡು ಗಂಟೆಗೆ ಪ್ಯಾಸೇಜಿನಲ್ಲಿ ಸರ್ರ್ ಅಂತ ಆದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಓಡಿಹೋಗಿ ಲೈಟ್ ಹಾಕಿದರೆ, ನಾನು ಆಸೆಪಟ್ಟು ತಂದಿದ್ದ ರನ್ನರ್, ಅಂದರೆ ಪ್ಯಾಸೇಜಿಗೆ ಹಾಸುವ ಉದ್ದನೆಯ ಕಾರ್ಪೆಟ್, ಮುದುರಿಕೊಂಡು ಬಾತ್‌ರೂಮ್ ಬಾಗಿಲ ಹತ್ತಿರ ಬಿದ್ದಿದೆ. ಅಮ್ಮ ಒಂದು ಕೈ ಗೋಡೆ ಮೇಲೆ, ಇನ್ನೊಂದು ಕೈ ಸ್ವಿಚ್ ಬೋರ್ಡ್ ಮೇಲೆ ಇಟ್ಟು ನಿಂತಿದ್ದಾಳೆ.

"ಏನೂ ಆಗಿಲ್ಲ, ಹೋಗಿ ಮಲಕ್ಕೋ," ಅಂದಳು.

ಅವಳಿಗೆ 74 ವರ್ಷ. ಬಲಗಾಲಿನ ಮಂಡಿ ಆಪರೇಷನ್ ಆಗಿದೆ. ನನಗೆ ಬೆಳಗಿನವರೆಗೂ ನಿದ್ದೆ ಬರಲಿಲ್ಲ.

ಶ್ರಾವಣದಲ್ಲಿ ಈ ಫ್ಲ್ಯಾಟಿನ ಗೃಹಪ್ರವೇಶ ಆಗಿತ್ತು. ನೆಲಕ್ಕೆ ವಿಟ್ರಿಫೈಡ್ ಟೈಲ್ಸ್, ಫ್ಯಾನ್ ತಿರುಗೋದು ನೆಲದಲ್ಲಿ ಕಾಣುವಷ್ಟು ಹೊಳಪು. ಬಂದವರೆಲ್ಲ "ಮನೆ ಚೆನ್ನಾಗಿದೆ, ಆದ್ರೆ ಏನೋ ಬರಿದು ಬರಿದು ಅನ್ಸುತ್ತೆ" ಅಂದರು. ಆ ಮಾತು ನನ್ನ ತಲೆಗೆ ಹೊಕ್ಕಿತು. ರಾತ್ರಿ ಎಲ್ಲ ಮಲಗಿದ ಮೇಲೆ ಫೋನಿನಲ್ಲಿ ಕಾರ್ಪೆಟ್ ನೋಡೋದೇ ಕೆಲಸ ಆಯಿತು.

ಮೊದಲು ತರಿಸಿದ್ದು 3 ಅಡಿಗೆ 5 ಅಡಿಯದು. ಫೋಟೋದಲ್ಲಿ ಅದು ಇಡೀ ಹಾಲ್ ತುಂಬಿಕೊಂಡಿತ್ತು. ನಮ್ಮ ಮನೆಗೆ ಬಂದು ಬಿಚ್ಚಿದರೆ ಟೀಪಾಯಿಯ ಕೆಳಗೇ ಮುಗಿದುಹೋಯಿತು. ಸುತ್ತ ಒಂದು ಗೇಣು ಬಣ್ಣ ಕಾಣುತ್ತಿತ್ತು, ಅಷ್ಟೇ. ಅಮ್ಮ ಕನ್ನಡಕ ಸರಿ ಮಾಡಿಕೊಂಡು ನೋಡಿ, "ಚೆನ್ನಾಗಿದೆ ಕಣೆ. ಕಾಲೊರೆಸೋದಾ?" ಅಂದಳು. ನನ್ನ ಗಂಡ ಏನೂ ಅನ್ನಲಿಲ್ಲ. ಅದು ಇನ್ನೂ ಕೆಟ್ಟದು.

ಎರಡನೆಯದು ಈ ರನ್ನರ್. ಈ ಸಲ ಅಳತೆ ತಪ್ಪಬಾರದು ಅಂತ ಟೇಪ್ ಹಿಡಿದು ಕೂತೆ. ಪ್ಯಾಸೇಜಿನ ಅಗಲ ಮೂರೂವರೆ ಅಡಿ. ಎರಡೂ ಪಕ್ಕ ಸ್ವಲ್ಪ ನೆಲ ಕಾಣಬೇಕು, ಇಲ್ಲದಿದ್ದರೆ ಕಾರಿಡಾರಿಗೆ ಕಾರ್ಪೆಟ್ ತುರುಕಿದ ಹಾಗೆ ಕಾಣುತ್ತೆ. ಅದಕ್ಕೇ ಎರಡೂವರೆ ಅಡಿ ಅಗಲ, 8 ಅಡಿ ಉದ್ದದ್ದು ತಂದೆ. ಪಕ್ಕಕ್ಕೆ ಆರಾರು ಇಂಚು ಬಿಟ್ಟುಕೊಂಡು ಅಚ್ಚುಕಟ್ಟಾಗಿ ಕೂತಿತು. ಅಳತೆ ಏನೋ ಸರಿಯಿತ್ತು. ಆದರೆ ಅಡಿಯಲ್ಲಿ ಏನೂ ಇರಲಿಲ್ಲ. ನುಣುಪು ಟೈಲ್ಸು, ಅದರ ಮೇಲೆ ಕಣ್ಣಿಗೆ ಕಾಣದಷ್ಟು ದೂಳು, ಅದರ ಮೇಲೆ ತೆಳ್ಳನೆ ಬಟ್ಟೆ. ಜಾರದೆ ಇನ್ನೇನು ಮಾಡುತ್ತೆ?

ಮಾರನೇ ದಿನವೇ ಜಾಲರಿಯಂಥ ರಬ್ಬರ್ ಶೀಟ್ ತಂದು ಅಡಿಗೆ ಹಾಕಿದೆ. ಅದನ್ನು ರನ್ನರ್‌ಗಿಂತ ಸುತ್ತಲೂ ಒಂದು ಇಂಚು ಚಿಕ್ಕದಾಗಿ ಕತ್ತರಿಸಬೇಕು, ಆಗ ಅಂಚು ನೆಲಕ್ಕೆ ಕೂರುತ್ತೆ. ಕಾಲಲ್ಲಿ ಒದ್ದು ನೋಡಿದೆ, ಕದಲಲಿಲ್ಲ. ಗೆದ್ದೆ ಅಂದುಕೊಂಡೆ.

ಆಮೇಲೆ ಒಂದು ವಿಷಯ ಗಮನಕ್ಕೆ ಬಂತು. ಅಮ್ಮ ರನ್ನರ್ ಮೇಲೆ ಕಾಲೇ ಇಡುತ್ತಿಲ್ಲ. ನಾನು ಅಂದಕ್ಕೆ ಅಂತ ಬಿಟ್ಟಿದ್ದ ಆ ಆರು ಇಂಚು ಟೈಲ್ಸ್ ಮೇಲೆ, ಗೋಡೆ ಸವರಿಕೊಂಡು, ದೊಂಬರಾಟದವರು ಹಗ್ಗದ ಮೇಲೆ ನಡೆಯುವ ಹಾಗೆ ಒಂದರ ಮುಂದೊಂದು ಪಾದ ಇಟ್ಟುಕೊಂಡು ಹೋಗುತ್ತಿದ್ದಳು. ಕೇಳಿದರೆ, "ಗಲೀಜಾಗುತ್ತಲ್ಲ, ಅದಕ್ಕೆ" ಅಂದಳು. ಸುಳ್ಳು. ಹೆದರಿಕೆ ಅದು. ವಯಸ್ಸಾದವರು ಕಾಲೆತ್ತಿ ಇಡೋದು ಕಮ್ಮಿ, ಎಳೆದುಕೊಂಡೇ ನಡೀತಾರೆ. ಕಾರ್ಪೆಟ್ ಜಾರದಿದ್ದರೂ ಅದರ ಅಂಚಿಗೆ ಬೆರಳು ತಾಗಿದರೆ ಸಾಕು. ಮೂರು ದಿನ ನೋಡಿ ರನ್ನರ್ ಸುತ್ತಿಟ್ಟೆ. ಆ ಜಾಗಕ್ಕೆ ಒಂದು ನೈಟ್ ಲ್ಯಾಂಪ್ ಹಾಕಿಸಿದೆ. ನಮ್ಮ ಪ್ಯಾಸೇಜಿಗೆ ಸರಿಯಾದ ರನ್ನರ್ ಅಂದರೆ ಬರೀ ನೆಲ.

ರನ್ನರ್ ಈಗ ಮಗನ ರೂಮಿನಲ್ಲಿದೆ. ಎರಡೂವರೆಗೆ ಎಂಟು ಅಡಿ ಅಂದರೆ ಒಂಬತ್ತು ವರ್ಷದ ಹುಡುಗನ ಕಣ್ಣಿಗೆ ಅದು ಕ್ರಿಕೆಟ್ ಪಿಚ್.

ಹಾಲ್ ಮಾತ್ರ ಹಾಗೇ ಬರಿದಾಗಿತ್ತು. ಒಂದು ಭಾನುವಾರ ನಾನು ಮತ್ತೆ ಫೋನ್ ಹಿಡಿದು ಕೂತಿದ್ದು ನೋಡಿ ಅಮ್ಮನಿಗೆ ರೇಗಿತು. "ರವಿಕೆ ಬಟ್ಟೆಗೆ ಕತ್ತರಿ ಹಾಕೋಕೆ ಮುಂಚೆ ಪೇಪರ್ ಕಟಿಂಗ್ ಮಾಡ್ಕೋತಾರೆ. ನೀನು ಸಾವಿರಾರು ರೂಪಾಯಿ ವಸ್ತುನ ಸುಮ್ನೆ ಫೋಟೋ ನೋಡಿ ತಗೋತೀಯಲ್ಲ?" ಅಂದಳು. ಅವಳು ಮೂವತ್ತು ವರ್ಷ ಬೀದಿಯವರಿಗೆಲ್ಲ ರವಿಕೆ ಹೊಲಿದುಕೊಟ್ಟವಳು. ಹಳೇ ಪೇಪರಿನ ಕಟ್ಟು ತಂದು ನನ್ನ ಮುಂದೆ ಹಾಕಿದಳು. ತಾನು ಸೋಫಾದಲ್ಲಿ ಕೂತು ಯಜಮಾನಿಕೆ ಶುರು ಮಾಡಿದಳು.

ದಿನಪತ್ರಿಕೆಯ ಹಾಳೆ ಬಿಡಿಸಿಟ್ಟರೆ ಅಗಲ ಹತ್ತಿರ ಹತ್ತಿರ ಎರಡೂಕಾಲು ಅಡಿ, ಎತ್ತರ ಒಂದೂಮುಕ್ಕಾಲು. ನಾನು ಮೊದಲು ತಂದಿದ್ದ ಕಾರ್ಪೆಟ್ ನಾಲ್ಕೇ ಹಾಳೆಗೆ ಸಮ. ನಾಲ್ಕು ಹಾಳೆ ಹಾಸಿ ನಿಂತು ನೋಡಿದರೆ ನನಗೇ ನಗು ಬಂತು. ಹಾಳೆ ಸೇರಿಸುತ್ತಾ ಹೋದೆ. ಹನ್ನೊಂದಕ್ಕೆ 5 ಅಡಿಗೆ 8 ಅಡಿ ಆಯಿತು. ನಮ್ಮ ಸೋಫಾ ಆರೂವರೆ ಅಡಿ. ಅದರ ಎರಡೂ ತುದಿಯಿಂದ ಪೇಪರ್ ಮುಕ್ಕಾಲು ಅಡಿಯಷ್ಟು ಆಚೆ ಚಾಚಿತು. ಸೋಫಾದ ಮುಂಗಾಲು ಎರಡೂ ಪೇಪರ್ ಮೇಲೆ ಬಂದವು. ಆಗ ನೋಡಿ, ಅಲ್ಲಿಯವರೆಗೆ ಬೇರೆ ಬೇರೆ ನಿಂತಿದ್ದ ಸೋಫಾ, ಕುರ್ಚಿ, ಟೀಪಾಯಿ ಎಲ್ಲ ಒಂದೇ ಮನೆಯವರ ಥರ ಕಂಡವು. ಸೋಫಾ ಕಾಲು ಮೇಲೆ ಕೂತರೆ ಕಾರ್ಪೆಟ್ ಜರುಗೋದೂ ಕಮ್ಮಿ.

ನನಗೆ ದುರಾಸೆ. 6ಕ್ಕೆ 9 ಆದರೆ ಇನ್ನೂ ಗತ್ತಾಗಿರುತ್ತೆ ಅಂತ ಇನ್ನು ಮೂರು ಹಾಳೆ ಸೇರಿಸಿದೆ. ಅಷ್ಟರಲ್ಲಿ ಮಗ ಹೊರಗಿಂದ ಬಾಗಿಲು ತಳ್ಳಿಕೊಂಡು ಬಂದ. ಕೊನೆಯ ಹಾಳೆ ಬಾಗಿಲಿಗೆ ಸಿಕ್ಕಿ ಪರ್ ಅಂತ ಹರಿಯಿತು. ಬಾಗಿಲ ಕೆಳಗಿನ ಸಂದಿಯಲ್ಲಿ ಅವನ ಪೆನ್ಸಿಲ್ ಉರುಳಿಸಿ ನೋಡಿದೆ, ಒರೆಸಿಕೊಂಡೇ ಹೋಯಿತು. ಅಂದರೆ ದಪ್ಪ ಕಾರ್ಪೆಟ್ ಅಲ್ಲಿಗೆ ಬಂದರೆ ಬಾಗಿಲೇ ತೆರೆಯೋದಿಲ್ಲ. ಹನ್ನೊಂದು ಹಾಳೆಗೆ ಫೈಸಲ್ ಆಯಿತು. ಹಾಳೆಗಳನ್ನು ಎತ್ತದೆ ಎರಡು ದಿನ ಹಾಗೇ ಬಿಟ್ಟೆವು. ಯಾರು ಎಲ್ಲಿ ತುಳಿದು ಓಡಾಡುತ್ತಾರೆ ಅನ್ನೋದು ಹಾಳೆ ಮುದುರಿದ ಕಡೆ ನೋಡಿದರೆ ಗೊತ್ತಾಗುತ್ತಿತ್ತು.

ಸೋಮವಾರ ಮನೆ ಕೆಲಸಕ್ಕೆ ಬರುವ ಅಕ್ಕ ಇದನ್ನೆಲ್ಲ ನೋಡಿ ಕೇಳಿದ್ದು ಒಂದೇ ಪ್ರಶ್ನೆ. "ಅಲ್ಲಾ ಅಕ್ಕ, ದಿನಾ ನೆಲ ಒರೆಸುವಾಗ ಇದನ್ನ ನಾನೊಬ್ಳೇ ಎತ್ತೋಕಾಗುತ್ತಾ?" ನಾನು ನೋಡಿದ ಫೋಟೋಗಳಲ್ಲಿ ಯಾರೂ ದಿನಾ ನೆಲ ಒರೆಸುವವರಲ್ಲ ಅಂತ ಹೊಳೆದದ್ದು ಆವಾಗಲೇ.

ಮುಂದಿನ ಶನಿವಾರ ಅಮ್ಮನನ್ನೂ ಕರೆದುಕೊಂಡು ಒಂದು ದೊಡ್ಡ ಅಂಗಡಿಗೆ ಹೋದೆ. ಹೆಸರು ಬೇಡ. ಹುಡುಗ ಒಂದರ ಮೇಲೊಂದು ಬಿಚ್ಚಿ ಹಾಕುತ್ತಾ ಹೋದ. ಎಲ್ಲವೂ ಭದೋಹಿಯದ್ದೇ ಅಂತೆ. ಉತ್ತರ ಪ್ರದೇಶದ ಆ ಊರು ಕಾರ್ಪೆಟ್ಟಿಗೆ ಹೆಸರುವಾಸಿ ನಿಜ, ಆದರೆ ಸೀರೆ ಅಂಗಡಿಯಲ್ಲಿ ಎಲ್ಲವೂ ಕಂಚಿಯದ್ದೇ ಆಗಿರುತ್ತಲ್ಲ, ಹಾಗೆ. ಒಂದು ಬೂದು ಬಣ್ಣದ್ದು ಮಿರಮಿರ ಮಿಂಚುತ್ತಿತ್ತು. "ಬ್ಯಾಂಬೂ ಸಿಲ್ಕ್ ಮೇಡಂ," ಅಂದ. ಬ್ಯಾಂಬೂ ಸಿಲ್ಕ್, ಆರ್ಟ್ ಸಿಲ್ಕ್ ಅಂತ ಮಾರುವುದು ಸಾಮಾನ್ಯವಾಗಿ ವಿಸ್ಕೋಸ್ ಅನ್ನುವ ಕೃತಕ ನೂಲು. ಕೈಗೆ ಬೆಣ್ಣೆ ಥರ ಇರುತ್ತೆ, ನೀರು ಬಿದ್ದರೆ ಎಳೆ ಬಲ ಕಳೆದುಕೊಂಡು ಆ ಜಾಗ ಹಳದಿಯಾಗುತ್ತೆ. ಕಾಫಿ ಲೋಟ, ಒದ್ದೆ ಮಾಪು, ಒಂಬತ್ತು ವರ್ಷದ ಹುಡುಗ ಇರುವ ಮನೆಗೆ ಆಗಿಬರುವುದಲ್ಲ.

"ಇದು ಪ್ಯೂರ್ ವುಲ್ಲನ್, ಕೈಯಲ್ಲೇ ಮಾಡಿದ್ದು," ಅಂತ ಇನ್ನೊಂದು ತೆಗೆದ. ನಾನು ಒಂದು ಮೂಲೆ ಮಗುಚಿದೆ. ಕೈಯಲ್ಲಿ ಗಂಟು ಹಾಕಿದ್ದಾದರೆ ಮುಂದಿನ ಚಿತ್ತಾರವೇ ಹಿಂದೆಯೂ ಸ್ಪಷ್ಟವಾಗಿ ಕಾಣುತ್ತೆ. ಕುಚ್ಚು ಕೂಡ ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಹಾಸುನೂಲಿನದೇ ತುದಿ, ಬೇರೆ ತಂದು ಹೊಲಿದಿರೋದಿಲ್ಲ. ಇದರ ಬೆನ್ನಿಗೆ ದಪ್ಪ ಬಟ್ಟೆ ಅಂಟಿಸಿದ್ದರು. ಅಂದರೆ ಟಫ್ಟೆಡ್. ಎಳೆಗಳನ್ನು ಬಟ್ಟೆಗೆ ಚುಚ್ಚಿ, ಹಿಂದೆ ರಬ್ಬರ್ ಅಂಟು ಬಳಿದಿರುತ್ತಾರೆ. ಕೆಟ್ಟದ್ದಂತಲ್ಲ, ಆದರೆ ಕೆಲವು ವರ್ಷ ಆದಮೇಲೆ ಆ ಅಂಟು ಒಣಗಿ ಪುಡಿ ಉದುರುತ್ತೆ. ಗಂಟಿನ ಕಾರ್ಪೆಟ್ಟಿನ ರೇಟು ಕೊಟ್ಟು ತರೋ ವಸ್ತು ಅಲ್ಲ.

ಅಮ್ಮ ಅಷ್ಟಕ್ಕೇ ಬಿಡಲಿಲ್ಲ. ಅಂಚಿನಿಂದ ಒಂದು ಎಳೆ ಕಿತ್ತು, "ಬೆಂಕಿಪೊಟ್ಟಣ ಇದ್ಯೇನಪ್ಪ?" ಅಂದಳು. ಹುಡುಗ ಬೆಚ್ಚಿಬಿದ್ದ. ದೇವರ ಪಟದ ಹತ್ತಿರ ಇದ್ದ ಬೆಂಕಿಪೊಟ್ಟಣ ತಂದುಕೊಟ್ಟ, ಪಾಪ. ಅಂಗಡಿಯ ಹೊರಗೆ ಮೆಟ್ಟಿಲ ಮೇಲೆ ನಿಂತು ಅಮ್ಮ ಎಳೆಗೆ ಕಡ್ಡಿ ಹಿಡಿದಳು. ಉಣ್ಣೆಯಾಗಲಿ ರೇಷ್ಮೆಯಾಗಲಿ ಸುಟ್ಟರೆ ಕೂದಲು ಸುಟ್ಟ ವಾಸನೆ ಬರಬೇಕು, ಬೂದಿ ಬೆರಳಲ್ಲಿ ಪುಡಿಯಾಗಬೇಕು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ. ಇದು ಸುರುಟಿಕೊಂಡು, ಕರಗಿ, ಸಾಸಿವೆಯಷ್ಟು ಕಪ್ಪು ಉಂಡೆ ಆಯಿತು. ಅದನ್ನು ಉಗುರಲ್ಲಿ ಕುಟ್ಟಿ ತೋರಿಸಿ, "ಇದು ಪ್ಲಾಸ್ಟಿಕ್ಕು ಕಣಪ್ಪ," ಅಂದಳು. ಬೈದದ್ದಲ್ಲ, ಅವನಿಗೆ ಗೊತ್ತಿರಲಿ ಅಂತ ಹೇಳಿದ್ದು. ಅವನಿಗೂ ನಿಜವಾಗಿ ಗೊತ್ತಿರಲಿಲ್ಲ ಅನ್ಸುತ್ತೆ. ಬರಿಗೈಲಿ ವಾಪಸ್ ಬಂದೆವು.

ಜಮಖಾನದ ಮಾತು ಬಂದದ್ದು ಕಾರ್ತಿಕದಲ್ಲಿ, ಹುಬ್ಬಳ್ಳಿಯ ಒಂದು ಮದುವೆಗೆ ಹೋದಾಗ. ನನ್ನ ಗೋಳು ಕೇಳಿದ ಬೀಗರ ಕಡೆಯವರೊಬ್ಬರು, "ಇಷ್ಟ ದೂರ ಬಂದೀರಿ, ನವಲಗುಂದಕ್ಕ ಹೋಗಿ ಜಮಖಾನ ನೋಡಿ ಬರ್ರಿ," ಅಂದರು. ಅಮ್ಮ ಮುಖ ಸಿಂಡರಿಸಿದಳು. ನಮ್ಮ ಮೈಸೂರಿನ ಕಡೆ ಜಮಖಾನ ಅಂದರೆ ಛತ್ರದಲ್ಲಿ ಹಾಸೋದು, ಕೆಂಪು ನೀಲಿ ಪಟ್ಟೆಯದು, ಊಟ ಆದಮೇಲೆ ಗಂಡಸರು ಉರುಳಿಕೊಳ್ಳೋದು. "ಹಾಲಿಗೆ ಅದನ್ನ ಹಾಸ್ತೀಯಾ?"

ವಿಜಯಪುರದ ಕಡೆ ಹೋಗುವ ರಸ್ತೆ. ಎರಡೂ ಪಕ್ಕ ಎರೆ ಹೊಲ, ಕಣ್ಣು ಹಾಯುವಷ್ಟು ದೂರ ಒಂದೇ ಸಮ. ನವಲಗುಂದದಲ್ಲಿ ಕೇಳಿಕೊಂಡು ಹೋಗಿ ಒಂದು ಉದ್ದನೆಯ ಕೋಣೆ ಸೇರಿದೆವು. ಮಗ್ಗ ಮಲಗಿರಲಿಲ್ಲ, ಗೋಡೆಯ ಹಾಗೆ ನೆಟ್ಟಗೆ ನಿಂತಿತ್ತು. ಅದರ ಮುಂದೆ ಇಬ್ಬರು ಹೆಂಗಸರು ಅಕ್ಕಪಕ್ಕ ಕೂತಿದ್ದರು. ಬಣ್ಣದ ಹತ್ತಿ ನೂಲನ್ನು ಕೈಯಲ್ಲೇ ಎಳೆಗಳ ನಡುವೆ ತೂರಿಸುತ್ತಾರೆ, ಆಮೇಲೆ ಪಂಜಾ ಅನ್ನುವ ಕಬ್ಬಿಣದ ಬಾಚಣಿಗೆಯಲ್ಲಿ ಮೇಲಿಂದ ಟಕ್ ಟಕ್ ಅಂತ ಕುಟ್ಟುತ್ತಾರೆ. ಅಡ್ಡಕ್ಕೆ ತೂರಿಸಿದ ಈ ಹೊಕ್ಕುನೂಲು ಹಾಗೆ ಒತ್ತಾಗಿ ಕೂರುವುದರಿಂದ ಹಾಸುನೂಲು ಕಾಣುವುದೇ ಇಲ್ಲ. ಎದುರಿಗೆ ಚಿತ್ರ ಬರೆದ ಹಾಳೆ ಇರಲಿಲ್ಲ. ನವಿಲಿನ ಕತ್ತು ಎಲ್ಲಿ ತಿರುಗಬೇಕು ಅನ್ನೋದು ಆಕೆಯ ಬೆರಳಿಗೇ ಗೊತ್ತಿತ್ತು.

"ಯಾರ್ ಕಲಿಸಿದ್ರು?" ಅಂತ ಅಮ್ಮ ಕೇಳಿದಳು.

"ನಮ್ಮ ಅತ್ತಿ ರೀ," ಅಂದರು ಆಕೆ. ಮಗಳಿಗೆ ಕಲಿಸಿದರೆ ಮದುವೆಯಾಗಿ ಬೇರೆ ಊರಿಗೆ ವಿದ್ಯೆಯೂ ಹೋಗಿಬಿಡುತ್ತೆ ಅಂತ ಇಲ್ಲಿ ಹಿಂದೆ ಸೊಸೆಯರಿಗೆ ಮಾತ್ರ ಹೇಳಿಕೊಡುತ್ತಿದ್ದರಂತೆ. ಬಿಜಾಪುರದ ಕಡೆಯಿಂದ ಬಂದು ನೆಲೆಸಿದ ಮುಸ್ಲಿಂ ಮನೆತನಗಳ ಕಸುಬು ಇದು. ಈಗ ಇದು ಈ ಊರಿನದೇ ವಸ್ತು ಅಂತ ಗುರುತಿಸುವ ಜಿ.ಐ. ಮಾನ್ಯತೆ ಏನೋ ಇದೆ, ನೇಯುವ ಕೈಗಳು ಕಮ್ಮಿ. ದಿನವಿಡೀ ಹಾಗೆ ಕೂತು ಕುಟ್ಟಿದರೆ ಸೊಂಟ ಏನಾಗುತ್ತೆ ಅನ್ನೋದನ್ನ ಮಂಡಿ ಆಪರೇಷನ್ ಆದ ನಮ್ಮಮ್ಮನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಸುಮ್ಮನೆ ಆಕೆಯ ಪಕ್ಕ ಒಂದು ಸ್ಟೂಲ್ ಎಳೆದುಕೊಂಡು ಕೂತಳು. ಇಬ್ಬರೂ ಸೊಂಟ, ಮಂಡಿ, ಸೊಸೆಯಂದಿರು ಅಂತ ಮಾತಾಡುತ್ತಾ ಅರ್ಧ ಗಂಟೆ ಕಳೆದರು. ನನಗಂತೂ ಕಾರ್ಪೆಟ್ ನೋಡೋಕೆ ಪುರುಸೊತ್ತು ಸಿಕ್ಕಿತು.

ನೆಲದ ಮೇಲೆ ಒಂದನ್ನು ಹಾಸಿ ತೋರಿಸಿದರು. ನಡುವೆ ಪಗಡೆ ಹಾಸು, ಸುತ್ತ ನವಿಲು. ದಪ್ಪ ಜಾಸ್ತಿ ಇಲ್ಲ, ಬಾಗಿಲು ಆರಾಮಾಗಿ ಮೇಲೆ ಹಾಯುತ್ತೆ. ಆದರೆ ತೂಕ ಇದೆ, ಗಾಳಿಗೆ ಅಂಚು ಏಳೋದಿಲ್ಲ. ಸುತ್ತಿದರೆ ಒಬ್ಬರೇ ಎತ್ತಿ ಗೋಡೆಗೆ ಒರಗಿಸಬಹುದು. ಹತ್ತಿಯದು, ಹಾಗಾಗಿ ಒಗೆಯಬಹುದು. "ಬಣ್ಣ ಬಿಡುತ್ತಾ?" ಅಂದೆ. "ಮೊದಲ ಸಲ ಒಂದೀಟು ಬಿಡತೈತ್ರಿ. ಬ್ಯಾರೆ ಅರಿಬಿ ಜೋಡಿ ಹಾಕಬ್ಯಾಡ್ರಿ," ಅಂದರು. ಪೂರ್ತಿ ಬಿಡಲ್ಲ ಅಂದಿದ್ದರೆ ನಾನು ನಂಬುತ್ತಿರಲಿಲ್ಲ.

ಅಲ್ಲಿದ್ದದ್ದು ನಮ್ಮ ಅಳತೆಯದಲ್ಲ. 5ಕ್ಕೆ 8 ಬೇಕು ಅಂತ ಬರೆಸಿ, ಅಡ್ವಾನ್ಸ್ ಕೊಟ್ಟು ಬಂದೆ. ಬಣ್ಣ ಆರಿಸುವಾಗ ನಾನು ಬಿಳಿ ಜಾಸ್ತಿ ಇರಲಿ ಅಂದೆ. ಅಮ್ಮ ಮತ್ತು ಆಕೆ ಮುಖ ಮುಖ ನೋಡಿಕೊಂಡರು. ಕೊನೆಗೆ ಕೆಂಪು ಜಾಸ್ತಿ ಆಯಿತು.

ಸಂಕ್ರಾಂತಿಗೆ ನಾಲ್ಕು ದಿನ ಇರುವಾಗ ಪಾರ್ಸಲ್ ಬಂತು. ಅಡಿಗೆ ರಬ್ಬರ್ ಜಾಲರಿ, ಮೇಲೆ ಜಮಖಾನ, ಸೋಫಾದ ಮುಂಗಾಲು ಎರಡೂ ಅದರ ಮೇಲೆ. ಅಮ್ಮ ಪ್ಯಾಸೇಜಿನ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದಳು. ಹೆಬ್ಬೆರಳಿಂದ ಅಂಚು ಒತ್ತಿದಳು. ಆಮೇಲೆ ಅಡ್ಡಡ್ಡ ನಡೆದು ಬಾಲ್ಕನಿವರೆಗೆ ಹೋಗಿ, ತಿರುಗಿ ಬಂದಳು. ಗೋಡೆ ಹಿಡಿಯಲಿಲ್ಲ.

ಮಾರನೇ ದಿನ ಆಫೀಸಿಂದ ಬಂದು ಬಾಗಿಲು ತೆಗೆದರೆ ಮನೆ ತುಂಬ ಅವರೆಕಾಯಿಯ ಸೊಗಡು. ಅಮ್ಮ ಸೋಫಾದಲ್ಲಿ ಕೂತು ಕಾಲ ಬಳಿ ಬೋಗುಣಿ ಇಟ್ಟುಕೊಂಡು ಹಿತಕಿದ ಬೇಳೆಗೆ ಕಾಳು ಹಿತಕುತ್ತಿದ್ದಾಳೆ, ಮಗ ನೆಲದ ಮೇಲೆ ಕೂತು ಸಹಾಯದ ನೆಪದಲ್ಲಿ ಸಿಪ್ಪೆ ಹಾರಿಸುತ್ತಿದ್ದಾನೆ. ಜಮಖಾನ ಮಾತ್ರ ಎಲ್ಲೂ ಕಾಣಲಿಲ್ಲ. ಈ ಮೂಲೆಯಿಂದ ಆ ಮೂಲೆವರೆಗೆ ಹಳೇ ಪೇಪರ್ ಹಾಸಿತ್ತು.

"ಕರೆ ಆಗುತ್ತಲ್ಲೇ," ಅಂದಳು ಅಮ್ಮ. "ಸರಿಯಾಗಿ ಹನ್ನೊಂದು ಹಾಳೆ ಹಿಡೀತು ನೋಡು."