ಬೇಲಿ ನೋಡೋಕೆ ಅಷ್ಟು ದೂರ ಹೋಗಿದ್ರಾ?

ಬೇಸಿಗೆ ರಜೆ ಮುಗಿದು ಶಾಲೆ ಶುರುವಾದಾಗ ಸ್ಟಾಫ್‌ರೂಮಿನಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ. ಐರ್ಲೆಂಡ್‌ನಲ್ಲಿ ಏನೇನು ನೋಡಿದಿರಿ? ಮೊಬೈಲ್ ತೆಗೆದು ಮೋಹರ್ ಕಡಲ ಬಂಡೆಗಳ ಫೋಟೋ ತೋರಿಸಿದೆ. ಎಲ್ಲರೂ ಅಬ್ಬಾ ಅಂದರು. ಆಮೇಲೆ ಒಂದು ಬೇಲಿಯ ಫೋಟೋ ಬಂತು. ಅದರ ಹಿಂದೆ ಇನ್ನೊಂದು, ಮತ್ತೊಂದು, ಎಲ್ಲ ಅದೇ ಬೇಲಿ. "ಬೇಲಿ ನೋಡೋಕೆ ಅಷ್ಟು ದೂರ ಹೋಗಿದ್ರಾ?" ಅಂತ ಮರಾಠಿ ವಿಭಾಗದ ಬಾಯಿ (ಇಲ್ಲಿ ಟೀಚರಮ್ಮನಿಗೆ ಹಾಗೇ ಅನ್ನುವುದು) ಒಬ್ಬರು ನಕ್ಕರು. ನಗಲಿ ಬಿಡಿ. ನನಗೆ ಬಂಡೆಗಿಂತ ಆ ಬೇಲಿಯೇ ಜಾಸ್ತಿ ಉಪಯೋಗಕ್ಕೆ ಬಂದಿದೆ.

ನಾನು ಮುಂಬೈ ಉಪನಗರದ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಟೀಚರ್. ಊರು ಶಿರಸಿ ಕಡೆ. ಒಂದೇ ಕಟ್ಟಡದಲ್ಲಿ ಮರಾಠಿ, ಹಿಂದಿ, ಉರ್ದು, ಕನ್ನಡ ಶಾಲೆಗಳು ಇವೆ. ಹಿಂದೆ ನಮ್ಮ ಶಾಲೆಗೆ ಹೋಟೆಲ್ ಕೆಲಸದವರ ಮಕ್ಕಳು ಬರುತ್ತಿದ್ದರಂತೆ. ಈಗ ಬರುವವರು ಹೆಚ್ಚಾಗಿ ಕಲಬುರಗಿ, ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು. ವರ್ಷ ವರ್ಷ ಸಂಖ್ಯೆ ಇಳಿಯುತ್ತಿದೆ. ಹಾಗಾಗಿ ಮೂರನೇ ಮತ್ತು ನಾಲ್ಕನೇ ಕ್ಲಾಸು ಒಂದೇ ಕೋಣೆಯಲ್ಲಿ ಕೂರುತ್ತವೆ, ಎರಡಕ್ಕೂ ನಾನೇ.

ನನ್ನ ತಂಗಿ ಐರ್ಲೆಂಡ್‌ನ ಪಶ್ಚಿಮಕ್ಕಿರುವ ಕ್ಲೇರ್ ಕೌಂಟಿಯಲ್ಲಿ ನರ್ಸ್. ಮನೆ ಇರುವುದು ಪೇಟೆಯಿಂದ ದೂರದ ಹಳ್ಳಿಯಲ್ಲಿ. ಅವಳ ಮಗ ಅಲ್ಲೇ ಪಕ್ಕದ ಪ್ರಾಥಮಿಕ ಶಾಲೆಗೆ ಹೋಗುತ್ತಾನೆ. ನಮಗೆ ಮೇ ತಿಂಗಳು ರಜೆ, ಅಲ್ಲಿ ಜೂನ್ ಕೊನೆಯವರೆಗೂ ಶಾಲೆ ನಡೆಯುತ್ತದೆ. ಹಾಗಾಗಿ ನನಗೆ ಶಾಲೆ ನೋಡಲು ಸಿಕ್ಕಿತು. ದಿನಾ ಹುಡುಗನನ್ನು ಗೇಟಿನವರೆಗೆ ಬಿಟ್ಟು ಬರುತ್ತಿದ್ದೆ. "ಅಕ್ಕನೂ ಟೀಚರ್" ಅಂತ ತಂಗಿ ಅಲ್ಲಿ ಹೇಳಿಟ್ಟಿದ್ದಳು. ಒಂದು ದಿನ ಅಲ್ಲಿನ ಟೀಚರ್ ಅವರೇ ಕರೆದರು, ಮಕ್ಕಳ ಜೊತೆ ಹೊರಗೆ ಹೋಗುತ್ತಿದ್ದೇವೆ, ಬನ್ನಿ ಅಂತ.

ಎರಡೇ ಕೋಣೆಯ ಶಾಲೆ ಅದು. ಒಬ್ಬ ಟೀಚರ್‌ಗೆ ನಾಲ್ಕು ತರಗತಿ. ನನಗೆ ತವರಿಗೆ ಬಂದ ಹಾಗಾಯಿತು. ಹಳ್ಳಿಯಲ್ಲಿ ಜನ ಕಡಿಮೆ, ಅದಕ್ಕೇ ಅವರ ಶಾಲೆ ಸಣ್ಣದು. ಕೋಟಿಗಟ್ಟಲೆ ಜನರ ನಡುವೆ ಇದ್ದೂ ನಮ್ಮದೂ ಅಷ್ಟೇ ಸಣ್ಣದು. ಯೋಚಿಸಿದರೆ ನಗು ಬರುತ್ತದೆ.

ನಾನು ಅಂದುಕೊಂಡಿದ್ದು, ಕಾಡಿಗೋ ಹೊಳೆಗೋ ಕರೆದುಕೊಂಡು ಹೋಗುತ್ತಾರೆ ಅಂತ. ಎಲ್ಲೂ ಹೋಗಲಿಲ್ಲ. ಆಟದ ಮೈದಾನದ ಅಂಚಿಗೆ ಒಂದು ಗಿಡದ ಬೇಲಿ, ಅಲ್ಲಿಗೆ ನಿಂತರು. ಬೇಲಿಗೆ ಅಲ್ಲಲ್ಲಿ ಬಣ್ಣದ ಉಣ್ಣೆ ದಾರ ಕಟ್ಟಿತ್ತು. ಇಬ್ಬಿಬ್ಬರು ಮಕ್ಕಳಿಗೆ ಒಂದೊಂದು ತುಂಡು ಬೇಲಿ. ಸೆಪ್ಟೆಂಬರ್‌ನಲ್ಲಿ ಶಾಲೆ ಶುರುವಾದಾಗ ಸಿಕ್ಕಿದ ತುಂಡೇ ವರ್ಷಪೂರ್ತಿ. ತಂತಮ್ಮ ದಾರದ ಮುಂದೆ ನಿಂತು ನೋಡಬೇಕು, ನೋಟ್‌ಬುಕ್ಕಿನಲ್ಲಿ ಚಿತ್ರ ಬರೆಯಬೇಕು. ಟೀಚರ್ ಕೇಳುವ ಪ್ರಶ್ನೆ ಎರಡೇ. ಹೊಸದಾಗಿ ಏನು ಬಂದಿದೆ? ಕಳೆದ ಸಲ ಇದ್ದದ್ದು ಏನು ಕಾಣುತ್ತಿಲ್ಲ?

ಮಳೆ ಹನಿಯುತ್ತಿತ್ತು. ಯಾರೂ ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಎಲ್ಲರ ಕಾಲಲ್ಲೂ ಗಮ್‌ಬೂಟು. ಛತ್ರಿ ಹಿಡಿದವಳು ನಾನೊಬ್ಬಳೇ.

ಮೇ ತಿಂಗಳಲ್ಲಿ ಆ ಬೇಲಿ ತುಂಬ ಬಿಳಿ ಹೂ. ಹಾಥಾರ್ನ್ ಅಂತ ಒಂದು ಮುಳ್ಳಿನ ಗಿಡ. ದೂರದಿಂದ ನೋಡಿದರೆ ಯಾರೋ ಸುಣ್ಣ ಎರಚಿದ ಹಾಗೆ ಕಾಣುತ್ತದೆ. ಹತ್ತಿರ ಹೋದರೆ ವಾಸನೆ ಅಷ್ಟೇನೂ ಚೆನ್ನಾಗಿಲ್ಲ. ಒಂದು ರೆಂಬೆ ಮುರಿಯಲು ಕೈ ಚಾಚಿದೆ. ನಮ್ಮ ಹುಡುಗ ತಡೆದ. "ದೊಡ್ಡಮ್ಮಾ, ಅದನ್ನ ಮನೆಯೊಳಗೆ ತರಬಾರದು. ಕೆಟ್ಟದಾಗುತ್ತೆ." ಒಂಟಿಯಾಗಿ ನಿಂತ ಹಾಥಾರ್ನ್ ಗಿಡದಲ್ಲಿ ಯಕ್ಷಿಣಿಯರಂಥವರು ಇರುತ್ತಾರೆ, ಕಡಿದರೆ ಸುಮ್ನೆ ಬಿಡುವುದಿಲ್ಲ ಅಂತ ಅಲ್ಲಿನವರ ನಂಬಿಕೆ. ಇದೇ ಕ್ಲೇರ್‌ನ ಲಾಟೂನ್ ಎಂಬಲ್ಲಿ 1999ರಲ್ಲಿ ದೊಡ್ಡ ರಸ್ತೆಗೆ ಅಂಥ ಒಂದು ಗಿಡ ಅಡ್ಡ ಬಂದಿತ್ತು. ಎಡ್ಡಿ ಲೆನಿಹಾನ್ ಎಂಬ ಕತೆಗಾರರು ಗಲಾಟೆ ಎಬ್ಬಿಸಿದರು. ಕೊನೆಗೆ ಗಿಡ ಉಳಿಯಿತು, ರಸ್ತೆ ಅದರ ಪಕ್ಕಕ್ಕೆ ಬಂತು. ನಾಗಬನ ಕಂಡ ನಮ್ಮ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಬೇಲಿಯ ಬುಡದಲ್ಲಿ ಒಂದು ಅಂಟು ಬಳ್ಳಿ ಹಬ್ಬಿತ್ತು. ಎಲೆ, ಕಾಂಡ, ಎಲ್ಲದರಲ್ಲೂ ಸಣ್ಣ ಕೊಕ್ಕೆ. ಒಂದು ಎಳೆ ಕಿತ್ತು ಬೆನ್ನಿಗೆ ಎಸೆದರೆ ಸ್ವೆಟರ್‌ಗೆ ಅಂಟಿಕೊಂಡು ಅಲ್ಲೇ ನೇತಾಡುತ್ತದೆ. ಹಿಂತಿರುಗುವಾಗ ಅರ್ಧ ಕ್ಲಾಸಿನ ಬೆನ್ನಲ್ಲೂ ಹಸಿರು ಬಾಲ. ನನ್ನ ಶಾಲಿಗೂ ಒಂದಿತ್ತು. ಟೀಚರ್ ಬೈಯಲಿಲ್ಲ. ಯಾಕೆ ಅಂಟುತ್ತದೆ ಅಂತ ಕೇಳಿದರು, ಒಂದು ಭೂತಗನ್ನಡಿ ಕೊಟ್ಟರು, ಅಷ್ಟೇ.

ಕ್ಲಾಸಿನ ಕಿಟಕಿ ಪಕ್ಕ ಒಂದು ಮೇಜು ಇದೆ. ಮಕ್ಕಳು ಹೊರಗಿಂದ ತಂದದ್ದನ್ನೆಲ್ಲ ಅಲ್ಲಿ ಇಡುತ್ತಾರೆ. ಬಸವನಹುಳದ ಖಾಲಿ ಚಿಪ್ಪು, ಕಾಗೆ ಗರಿ, ಕಲ್ಲುಹೂ ಹಿಡಿದ ಕಡ್ಡಿ. ಹಳೆಯ ಹೇಜಲ್ ಕಾಯಿ ಒಂದಿತ್ತು, ಸೈಡಿಗೆ ಕೊರೆದಷ್ಟು ದುಂಡಗಿನ ತೂತು. ಇಲಿ ತಿಂದದ್ದು ಅಂತ ಒಬ್ಬ ಪುಟ್ಟ ಹುಡುಗಿ ಹಲ್ಲಿನ ಗುರುತು ತೋರಿಸಿದಳು.

ಆ ದೇಶ ತುಂಬ ಹಸಿರು ಅಂತ ಎಲ್ಲರೂ ಹೇಳುತ್ತಾರೆ. ನಿಜ. ಆದರೆ ಆ ಹಸಿರು ಬಹುತೇಕ ದನದ ಹುಲ್ಲು. ಕಾಡು ಇರುವುದು ನೆಲದ ಶೇಕಡ 11ರ ಆಸುಪಾಸು, ಅದರಲ್ಲೂ ದೊಡ್ಡ ಪಾಲು ನೆಟ್ಟದ್ದು. ಯುರೋಪಿನಲ್ಲೇ ಇಷ್ಟು ಕಡಿಮೆ ಕಾಡಿರುವ ದೇಶಗಳು ಕೆಲವೇ. ಹಕ್ಕಿಗೆ, ಜೇನಿಗೆ, ಇಲಿಗೆ ಹೊಲದಂಚಿನ ಬೇಲಿಯೇ ದಿಕ್ಕು. ಹಾಗಾಗಿ ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ಬೇಲಿ ಕಡಿಯಬಾರದು ಅಂತ ಕಾನೂನೇ ಇದೆ, ಹಕ್ಕಿ ಗೂಡು ಕಟ್ಟುವ ಕಾಲ ಅಂತ. ಅಲ್ಲಿ ಸುಮಾರು ನೂರು ಜಾತಿಯ ಜೇನು, ದುಂಬಿ ಇವೆ, ಮೂರರಲ್ಲಿ ಒಂದು ಪಾಲು ಅಳಿಯುವ ಭಯದಲ್ಲಿದೆ. ಅವುಗಳಿಗಾಗಿ 2015ರಲ್ಲಿ ಇಡೀ ದ್ವೀಪಕ್ಕೆ ಒಂದು ಯೋಜನೆ ಮಾಡಿದರು. ಈ ಶಾಲೆಯವರೂ ಬೇಲಿಯ ಪಕ್ಕದ ಒಂದು ಪಟ್ಟಿ ಹುಲ್ಲನ್ನು ಕತ್ತರಿಸದೆ ಬಿಟ್ಟಿದ್ದರು.

ಗೇಟಿನಲ್ಲಿ ಒಂದು ಹಸಿರು ಬಾವುಟವೂ ಇದೆ. ಆನ್ ತಾಶ್ಕ ಎಂಬ ಸಂಸ್ಥೆ 1997ರಿಂದ ನಡೆಸುವ ಗ್ರೀನ್ ಸ್ಕೂಲ್ಸ್ ಕಾರ್ಯಕ್ರಮದ್ದು. ಮೊದಲು ಕಸ, ಆಮೇಲೆ ವಿದ್ಯುತ್, ನೀರು, ಹೀಗೆ ಒಂದೊಂದೇ ವಿಷಯ ಹಿಡಿದು ಮಕ್ಕಳ ಸಮಿತಿ ಕೆಲಸ ಮಾಡುತ್ತದೆ. ಒಳ್ಳೆಯದೇ. ಆದರೆ ಬಾವುಟ, ಸಮಿತಿ, ಚಾರ್ಟು ನಮ್ಮಲ್ಲೂ ಬೇಕಾದಷ್ಟಿದೆ. ನನಗೆ ಹಿಡಿಸಿದ್ದು ಆ ಉಣ್ಣೆ ದಾರ.

ಯಾಕೆ ಅಂತ ಹೇಳುತ್ತೇನೆ. ಪರಿಸರ ಪಾಠ ಎಲ್ಲ ಶಾಲೆಯಲ್ಲೂ ಕಡ್ಡಾಯ ಆಗಬೇಕು ಅಂತ ನಮ್ಮ ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿ ಬಾಲಭಾರತಿಯವರ ಪರಿಸರ ಅಭ್ಯಾಸ ಪುಸ್ತಕ ಕನ್ನಡದಲ್ಲೂ ಬರುತ್ತದೆ, ಪುಸ್ತಕ ಚೆನ್ನಾಗಿಯೇ ಇದೆ. ಜೊತೆಗೆ ವರ್ಷಕ್ಕೊಮ್ಮೆ ಪಿಕ್‌ನಿಕ್. ಬೋರಿವಲಿಯ ನ್ಯಾಷನಲ್ ಪಾರ್ಕ್, ಇಲ್ಲವೇ ಮಾಹಿಮ್‌ನ ನೇಚರ್ ಪಾರ್ಕ್. ಎರಡೂ ಅದ್ಭುತ ಜಾಗ. ಮಾಹಿಮ್‌ನದು ಒಂದು ಕಾಲದಲ್ಲಿ ಕಸ ಸುರಿಯುವ ಜಾಗ ಆಗಿತ್ತು, ಈಗ ಅಲ್ಲಿ ಕಾಡೇ ಬೆಳೆದಿದೆ. ಬೋರಿವಲಿಯಲ್ಲಿ ಚಿರತೆ ಇದೆ. ಇದನ್ನು ಹೇಳಿದಾಗ ಆ ಐರಿಷ್ ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿದರು. ಪಾಪ, ಅವರ ದೇಶದಲ್ಲಿ ಹಾವು ಕೂಡ ಇಲ್ಲ. ಆದರೆ ಪಿಕ್‌ನಿಕ್‌ನಲ್ಲಿ ಏನಾಗುತ್ತದೆ? ಬಸ್ಸಿನಲ್ಲಿ ಅಂತ್ಯಾಕ್ಷರಿ, ಡಬ್ಬಿ, ತಲೆ ಎಣಿಕೆ, ವಾಪಸ್. ಬೋರಿವಲಿ ಗುಡ್ಡದ ಕಾರ್ವಿ ಎಂಬ ಪೊದೆಗಿಡ ಎಂಟು ವರ್ಷಕ್ಕೊಮ್ಮೆ ಹೂ ಬಿಡುತ್ತದೆ. 2016ರಲ್ಲಿ ಬಿಟ್ಟಿತ್ತು, 2024ರಲ್ಲಿ ಬಿಟ್ಟಿತು. ಮುಂದಿನದು 2032ಕ್ಕೆ. ಅಷ್ಟರಲ್ಲಿ ನನ್ನ ನಾಲ್ಕನೇ ಕ್ಲಾಸಿನವರು ಕಾಲೇಜು ಸೇರಿರುತ್ತಾರೆ. ಮೊದಲ ಸಲ ಹೋದ ಜಾಗದಲ್ಲಿ ಮಗುವಿಗೆ ಎಲ್ಲವೂ ಹೊಸದೇ, ಹಾಗಾಗಿ ಯಾವುದು ಬದಲಾಯಿತು ಅನ್ನೋದು ಗೊತ್ತಾಗುವುದಿಲ್ಲ. ಅದು ಗೊತ್ತಾಗಬೇಕಾದರೆ ಅದೇ ಜಾಗಕ್ಕೆ ಮತ್ತೆ ಮತ್ತೆ ಹೋಗಬೇಕು. ಜಾಗ ಸುಂದರವಾಗಿ ಇರಲೇಬೇಕು ಅಂತೇನೂ ಇಲ್ಲ.

ನಮಗೆ ಇರುವುದು ಕಾಂಪೌಂಡ್ ಗೋಡೆ. ಹಿಂದುಗಡೆಯದು, ನೀರಿನ ಟ್ಯಾಂಕಿನಿಂದ ಗೇಟಿನವರೆಗೆ. ಇಬ್ಬಿಬ್ಬರಿಗೆ ಒಂದೊಂದು ತುಂಡು ಹಂಚಿದೆ. ಚಾಕ್‌ಪೀಸಿನಲ್ಲಿ ಬರೆದ ನಂಬರು ಮೊದಲ ಮಳೆಗೇ ಹೋಯಿತು. ಕೊನೆಗೆ ಪ್ಯೂನ್ ಮಾಮಾ ಎಲ್ಲಿಂದಲೋ ಉಳಿದ ಆಯಿಲ್ ಪೇಂಟ್ ತಂದು ಬರೆದುಕೊಟ್ಟರು. ಶುಕ್ರವಾರ ಮಧ್ಯಾಹ್ನದ ಊಟ ಆದ ಮೇಲೆ ಹತ್ತು ನಿಮಿಷ. ಪ್ರಶ್ನೆ ಅವೇ ಎರಡು.

ಮೊದಲ ವಾರ ಬಂದ ಉತ್ತರಗಳಲ್ಲಿ ಅರ್ಧ, ಗುಟ್ಕಾ ಚೀಟಿ. ಬರೆಯಲಿ ಅಂತ ಬಿಟ್ಟೆ. ಅದೂ ಹೊಸದಾಗಿ ಬಂದದ್ದೇ ತಾನೇ. ಆಮೇಲೆ ನಿಧಾನಕ್ಕೆ ಪಾಚಿ ಬಂತು, ಶತಪದಿ ಬಂತು, ಗೋಡೆ ಬಿರುಕಿನಲ್ಲಿ ಅರಳಿ ಸಸಿ ಬಂತು. ಮೂಲೆಯಲ್ಲಿ ಒಂದು ಮಳೆ ಮರ ಇದೆ. ಮುಂಬೈಯಲ್ಲಿ ಈ ಮರಗಳು ಬಿಳಿ ಹಿಟ್ಟಿನ ತಿಗಣೆ ಹತ್ತಿ ಎಷ್ಟೋ ಸತ್ತಿವೆ, ನಮ್ಮದು ಇನ್ನೂ ಇದೆ. ಮೋಡ ಕವಿದ ದಿನ ಅದು ಎಲೆ ಮಡಚಿಕೊಳ್ಳುತ್ತದೆ. ಇಷ್ಟು ವರ್ಷ ಅದರ ಕೆಳಗೇ ಪ್ರಾರ್ಥನೆ ಮಾಡಿಸಿದ್ದೇವೆ, ಇದನ್ನು ಗಮನಿಸಿದ್ದು ಮೂರನೇ ಕ್ಲಾಸಿನ ಹುಡುಗಿ.

ಯಾದಗಿರಿ ಕಡೆಯ ಒಬ್ಬ ಹುಡುಗ ಇದ್ದಾನೆ. ಕ್ಲಾಸಿನಲ್ಲಿ ಬಾಯಿ ಬಿಡುವವನಲ್ಲ, ಓದುವಾಗ ತಡವರಿಸುತ್ತಾನೆ. ಗೋಡೆಯ ಹತ್ತಿರ ಬಂದರೆ ಬೇರೆಯೇ ಹುಡುಗ. ಚಡ್ಡಿಗೆ ಅಂಟಿದ ಉತ್ತರಾಣಿ ಬೀಜ ತೋರಿಸಿ, "ಬಾಯಿ, ಇದ್ರ ಕಡ್ಡೀಲೆ ನಮ್ಮಜ್ಜ ಹಲ್ಲು ತಿಕ್ಕತಾನ್ರೀ" ಅಂದ. ಐರ್ಲೆಂಡ್‌ನ ಅಂಟು ಬಳ್ಳಿಯ ಫೋಟೋ ತೋರಿಸಿದೆ. ಎರಡರ ಕೊಕ್ಕೆಯನ್ನೂ ಮೊಬೈಲ್‌ನಲ್ಲಿ ದೊಡ್ಡದು ಮಾಡಿ ನೋಡಿದ. ಅಲ್ಲಿ ಎಲೆಗೂ ಕೊಕ್ಕೆ, ಇಲ್ಲಿ ಕಾಯಿಗೆ ಮಾತ್ರ ಅಂತ ಅವನೇ ಹೇಳಿದ. ಊರಿಗೆ ಹೋಗಿ ಬಂದಾಗಲೆಲ್ಲ ಈ ಮಕ್ಕಳು ತಲೆ ತುಂಬ ಗಿಡ, ಹುಳ, ಹಕ್ಕಿ ತುಂಬಿಕೊಂಡು ಬರುತ್ತಾರೆ. ನಮ್ಮ ಪ್ರಶ್ನೆಪತ್ರಿಕೆಗೆ ಅದು ಬೇಡ.

ಒಬ್ಬ ತಾಯಿ ಕೇಳಿಯೂ ಕೇಳಿದರು, "ಗ್ವಾಡಿ ನೋಡಿದ್ರ ಮಾರ್ಕ್ಸ್ ಬರ್ತಾವೇನ್ರೀ ಬಾಯಿ?" ಬರಲ್ಲ ಅಂದೆ. ಸರಿ ಬಿಡ್ರೀ ಅಂತ ನಕ್ಕು ಹೋದರು. ಅವರ ಮಗಳು ಗೋಡೆ ಬಗ್ಗೆ ಈಗ ಅರ್ಧ ಪುಟ ಬರೆಯುತ್ತಾಳೆ, ಮೊದಲು ಎರಡು ಸಾಲಿಗೆ ಅಳುತ್ತಿದ್ದಳು.

ಅತಿ ಹೆಚ್ಚು ಜನ ಸೇರುವುದು ಏಳನೇ ನಂಬರಿನ ಮುಂದೆ. ಅಲ್ಲಿ ಬಿರುಕಿನೊಳಗೆ ಮಿಸರೆ ಜೇನು ಇದೆ. ಮಲೆನಾಡಿನವಳಾದ ನನಗೆ ಅದನ್ನು ಮುಂಬೈ ಗೋಡೆಯಲ್ಲಿ ಕಂಡಾಗ ಆದ ಖುಷಿ ಹೇಳತೀರದು. ನೊಣಕ್ಕಿಂತ ಸಣ್ಣದು, ಕಪ್ಪು. ಮುಳ್ಳಿಲ್ಲ, ಚುಚ್ಚುವುದಿಲ್ಲ. ಬಿರುಕಿನಿಂದ ಹೊರಗೆ ಕಿರುಬೆರಳು ಗಾತ್ರದ ಒಂದು ಕೊಳವೆ, ಅಂಟು ಮತ್ತು ಮೇಣ ಸೇರಿಸಿ ಕಟ್ಟಿದ್ದು. ಅದರ ಬಾಯಲ್ಲಿ ನಾಲ್ಕೈದು ಜೇನು ತಲೆ ಹೊರಗೆ ಹಾಕಿ ಕಾವಲು ನಿಂತಿರುತ್ತವೆ. ಇರುವೆ ಹತ್ತಿರ ಬಂದರೆ ತಳ್ಳುತ್ತವೆ. ಹಿಂಗಾಲಿನಲ್ಲಿ ಅಂಟಿನ ಉಂಡೆ ಹೊತ್ತು ಬಂದವಕ್ಕೆ ದಾರಿ ಬಿಡುತ್ತವೆ. ಮಕ್ಕಳು ಅಲ್ಲಿ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ, ಊದಿದರೆ ಒಳಗೆ ಓಡಿಹೋಗುತ್ತವೆ ಅಂತ ಅವರಿಗೆ ಗೊತ್ತಾಗಿದೆ. ಕೊಳವೆ ಮಳೆಗೆ ಒಮ್ಮೆ ಮುರಿದಿತ್ತು. ಮತ್ತೆ ಕಟ್ಟುವುದನ್ನು ಅಳೆಯಲು ಸ್ಕೇಲ್ ತಂದರು. ಗಣಿತದ ಪಾಠದಲ್ಲಿ ಮಿಲಿಮೀಟರ್ ಎಂದರೆ ಮುಖ ಕಿವುಚುವವರು ಇವರೇ.

ಈಗ ಒಂದು ತಾಪತ್ರಯ ಬಂದಿದೆ. ದೀಪಾವಳಿ ರಜೆಯಲ್ಲಿ ಗೋಡೆಯ ಬಿರುಕುಗಳಿಗೆ ಸಿಮೆಂಟ್ ತುಂಬಿ ಬಣ್ಣ ಹೊಡೆಯುತ್ತಾರಂತೆ. ಕೆಲಸ ವಹಿಸಿಕೊಂಡವರನ್ನು ಕೇಳಿದೆ. ಮೇಲಿನಿಂದ ಬರೆದು ಕೊಟ್ಟರೆ ಆ ಒಂದು ಗೇಣು ಬಿಡುತ್ತೇನೆ ಅಂದರು. ಮಕ್ಕಳೇ ಅರ್ಜಿ ಬರೆದಿದ್ದಾರೆ. ಕನ್ನಡದಲ್ಲಿ ಬರೆದದ್ದನ್ನು ಪಕ್ಕದ ಕೋಣೆಯ ಮಕ್ಕಳ ಹತ್ತಿರ ಮರಾಠಿ ಮಾಡಿಸಿಕೊಂಡರು. ಅವರಿಗೂ ಏಳನೇ ನಂಬರು ಗೊತ್ತು. ಅರ್ಜಿಯಲ್ಲಿ "ಇವು ಕಚ್ಚುವುದಿಲ್ಲ" ಅನ್ನುವ ಸಾಲಿಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿದ್ದಾರೆ. ಕೊಳವೆಯ ಅಳತೆಯೂ ಇದೆ, ಚಿತ್ರವೂ ಇದೆ. ಹೆಡ್‌ಮಾಸ್ಟರ್ ಸಹಿ ಹಾಕಿ ಮೇಲಿನ ಆಫೀಸಿಗೆ ಕಳಿಸಿದ್ದಾರೆ. ಉತ್ತರ ಇನ್ನೂ ಬಂದಿಲ್ಲ. ರಜೆಗೆ ಮುಂಚೆ ಬರದಿದ್ದರೆ ಬಣ್ಣ ಹೊಡೆಯುವ ದಿನ ನಾನೇ ಬಂದು ಅಲ್ಲಿ ಕುರ್ಚಿ ಹಾಕಿ ಕೂರುವುದು ಅಂತ ಮಕ್ಕಳು ತೀರ್ಮಾನ ಮಾಡಿದ್ದಾರೆ. ನನ್ನನ್ನು ಯಾರೂ ಕೇಳಿಲ್ಲ.